ನಾನು ಮಾಡಿದ ಮನೆ, ಅವರು ಕೂತ ಜಾಗ

ಕಾಗದದ ಮೇಲೆ ಬರೆದ ಮನೆಯಲ್ಲಿ ಮನುಷ್ಯರು ಇರುವುದಿಲ್ಲ. ಅವರು ಒಕ್ಕಲಾದ ಮೇಲೆ, ಅಂದರೆ ಗೃಹಪ್ರವೇಶ ಮುಗಿದ ಮೇಲೆ, ಬರುತ್ತಾರೆ, ಬಂದ ಕೂಡಲೇ ನನ್ನ ಲೆಕ್ಕಾಚಾರವೆಲ್ಲ ಬುಡಮೇಲಾಗುತ್ತದೆ. ಒಂದು ಮನೆಯಲ್ಲಿ ಹೀಗಾಗಿದ್ದರೆ ಮರೆತುಬಿಡಬಹುದಿತ್ತು. ಮನೆಯಿಂದ ಮನೆಗೆ ಇದೇ ಕಥೆ.

ಮನೆಗಳ ಒಳಾಂಗಣ ವಿನ್ಯಾಸ ನನ್ನ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಎಂದು ಸ್ಕೂಟರಿನಲ್ಲಿ ಸುತ್ತುತ್ತಿರುತ್ತೇನೆ. ಏನು ಕೆಲಸ ಎಂದು ಕೇಳಿದವರಿಗೆ ವಿವರಿಸಿದರೆ, "ಪೈಂಟಿನವರಾ?" ಎನ್ನುತ್ತಾರೆ. ಅಲ್ಲ ಎಂದರೆ, "ಹಾಗಾದ್ರೆ ಸೀಲಿಂಗಿನವರಾ?" ಎನ್ನುತ್ತಾರೆ. ಅದೂ ಅಲ್ಲ ಎಂದ ಮೇಲೆ ಪಾಪ ಎನ್ನುವಂತೆ ನೋಡಿ ಚಹಾ ಕೊಡುತ್ತಾರೆ. ಹೊಳೆಯ ಬದಿಯ ಬಂಟ್ವಾಳದಲ್ಲಂತೂ ಎಷ್ಟೇ ಚಂದದ ಕಪಾಟು ತೋರಿಸಿದರೂ ಮೊದಲ ಪ್ರಶ್ನೆ ಒಂದೇ, ನೆರೆ ಬಂದರೆ ಇದನ್ನು ಎತ್ತಿ ಮಾಳಿಗೆಗೆ ಇಡಲಿಕ್ಕೆ ಆಗುತ್ತದಾ?

ಆದರೂ ಈ ಕೆಲಸ ನನಗೆ ಇಷ್ಟ. ಗೋಡೆ ಎಬ್ಬಿಸುವವರು ಎಬ್ಬಿಸಿ ಹೋಗುತ್ತಾರೆ. ಆ ಗೋಡೆಗಳ ನಡುವೆ ಮನುಷ್ಯರು ಎಲ್ಲಿ ನೆಮ್ಮದಿಯಾಗಿ ಕೂರಬಹುದು ಎಂದು ಯೋಚಿಸುವುದು ನನ್ನ ಪಾಲಿಗೆ ಬಂದಿದೆ. ನಾನು ಮಾಡಿದ ಜಾಗದಲ್ಲಿ ಮನೆಯವರು ಮನಸ್ಸಿಟ್ಟು ಕೂರಬೇಕು, ನನ್ನ ಆಸೆ ಅಷ್ಟೇ. ಹೇಳಿದಲ್ಲಿ ಕೂತವರು ಇದುವರೆಗೆ ಕಡಿಮೆ.

ಹೊಸ ಒಲೆ

ಬಂಟ್ವಾಳ ಪೇಟೆಯ ಹತ್ತಿರ ಒಂದು ಬ್ಯಾರಿ ಕುಟುಂಬದ ಮನೆ. ಯಜಮಾನರು ಸೌದಿಯ ದಮ್ಮಾಮಿನಲ್ಲಿದ್ದರು, ಇಲ್ಲಿ ನಿಂತು ಕೆಲಸ ಮಾಡಿಸಿದ್ದು ಅವರ ಹೆಂಡತಿ. ಯಜಮಾನರಿಗೆ ಬೇರೆ ಯಾವ ಕೋಣೆಯ ಚಿಂತೆಯೂ ಇರಲಿಲ್ಲ. ಅಡುಗೆಮನೆ ಒಂದು ಚಂದ ಆಗಬೇಕು, ಅವಳು ಇಷ್ಟು ವರ್ಷ ಹೊಗೆ ಕುಡಿದದ್ದು ಸಾಕು ಎಂದು ಫೋನಿನಲ್ಲಿ ಹೇಳಿದ್ದರು. ಆ ಮಾತು ನನಗೆ ತಾಗಿತು. ಪಿಸ್ತಾ ಬಣ್ಣದ ಕಪಾಟು, ಕಪ್ಪು ಗ್ರಾನೈಟ್, ಹೊಗೆ ಎಳೆಯುವ ಚಿಮಣಿ, ನಿಂತು ಕೆಲಸ ಮಾಡುವಾಗ ಹೊಳೆ ಕಾಣುವ ಕಿಟಕಿ, ಎಲ್ಲವನ್ನೂ ಪ್ರೀತಿಯಿಂದಲೇ ಮಾಡಿದೆ.

ಕೆಲವು ತಿಂಗಳು ಬಿಟ್ಟು ಅವರ ಹೆಂಡತಿ ಊಟಕ್ಕೆ ಕರೆದರು. ಬಂಗುಡೆ ಸಾರಿನ ಪರಿಮಳ ಗೇಟಿನವರೆಗೆ ಬಂದಿತ್ತು. ನೇರ ಅಡುಗೆಮನೆಗೆ ಹೋಗಿ ನೋಡಿದರೆ ಒಲೆಯ ಮೇಲೆ ಕಂಪೆನಿಯ ಸ್ಟಿಕ್ಕರ್ ಹಾಗೆಯೇ ಇತ್ತು. ಅಡುಗೆ ಆಗುತ್ತಿದ್ದದ್ದು ಹಿಂದಿನ ವರ್ಕ್ ಏರಿಯಾದಲ್ಲಿ, ಪಾತ್ರೆ ತೊಳೆಯಲಿಕ್ಕೆಂದು ನಾನು ಬಿಟ್ಟಿದ್ದ ಇಕ್ಕಟ್ಟಿನ ಜಾಗದಲ್ಲಿ.

"ಅಲ್ಲಿ ಮೀನು ಕಾಯಿಸಿದ್ರೆ ಗೋಡೆಗೆಲ್ಲ ಎಣ್ಣೆ ಹಾರ್ತದೆ ಮೇಡಂ," ಎಂದರು ಆಕೆ. "ನೀವು ಅಷ್ಟು ಚಂದ ಮಾಡಿ ಕೊಟ್ಟಿದ್ದೀರಿ."

ಸಂಜೆ ಗಂಡ ವಿಡಿಯೋ ಕಾಲ್ ಮಾಡುವ ಹೊತ್ತಿಗೆ ಆಕೆ ಸೌಟು ಹಿಡಿದು ಹೊಸ ಅಡುಗೆಮನೆಗೆ ಬಂದು ಚಿಮಣಿಯ ಕೆಳಗೆ ನಿಲ್ಲುತ್ತಾರಂತೆ. ಅದನ್ನು ನೋಡಿ ಗಂಡನಿಗೆ ಅಲ್ಲಿ ಅಷ್ಟು ಖುಷಿಯಾಗುವಾಗ ಬೇಡ ಎನ್ನುವುದು ಹೇಗೆ? ಒಮ್ಮೆ, ಒಲೆಯ ಮೇಲೆ ಏನೂ ಕಾಣುವುದಿಲ್ಲವಲ್ಲ ಎಂದು ಅವರು ಕೇಳಿದರಂತೆ. ಅಂದಿನಿಂದ ಕಾಲ್ ಬರುವ ಮೊದಲು ಒಂದು ಖಾಲಿ ಪಾತ್ರೆಯನ್ನೂ ತಂದಿಡುತ್ತಾರೆ. ರಜೆಯಲ್ಲಿ ಬಂದಾಗ ಯಜಮಾನರು ನಾನೇ ಮೀನು ಹುರಿಯುತ್ತೇನೆಂದು ಹೊಸ ಒಲೆಯ ಹತ್ತಿರ ಹೋದರಂತೆ. ಅವರನ್ನು ಬಾಣಲೆ ಸಮೇತ ಹಿಂದಿನ ವರ್ಕ್ ಏರಿಯಾಕ್ಕೆ ಕಳಿಸಲಾಯಿತು.

ನಾನು ಪಾಠ ಕಲಿತೆ. ಮುಂದಿನ ಮನೆಯಲ್ಲಿ ಎದುರಿನ ಅಡುಗೆಮನೆಯನ್ನು ಸಾದಾ ಮಾಡಿ, ವರ್ಕ್ ಏರಿಯಾವನ್ನೇ ಅಗಲ ಮಾಡಿ, ಒಳ್ಳೆಯ ಟೈಲ್ಸ್ ಹಾಕಿಸಿದೆ. ವರ್ಷ ಕಳೆದು ಆ ದಾರಿಯಾಗಿ ಹೋದೆ. ವರ್ಕ್ ಏರಿಯಾವನ್ನು ಒರೆಸಿ, ಹೂದಾನಿ ಇಟ್ಟು, ಬಾಗಿಲು ಹಾಕಿದ್ದರು. ಅದರ ಹಿಂದೆ ತಗಡಿನ ಶೀಟು ಇಳಿಸಿಕೊಂಡು ಮೀನು ಕಾಯಿಸುತ್ತಿದ್ದರು.

ಮಾವನವರ ಬಾಗಿಲು

ಮೂಡುಬಿದಿರೆಯ ಗಂಡ ಹೆಂಡತಿ ಇಬ್ಬರೂ ಕಾಲೇಜಿನಲ್ಲಿ ಪಾಠ ಮಾಡುವವರು. ಹೊಸ ಮನೆಗೆ ಹಳೆಯ ಕಳೆ ಬೇಕು ಎನ್ನುವುದು ಅವರ ಹಂಬಲ. ಹಾಗಾಗಿ ಎದುರಿನ ಬಾಗಿಲಿಗೆ ಹಸಿರು ಹೊಡೆಸಿ, ಅದರ ಮೇಲೆ ನೀಲಿ ಹೊಡೆಸಿ, ಆಮೇಲೆ ಮರಳು ಕಾಗದದಿಂದ ಅಲ್ಲಲ್ಲಿ ಉಜ್ಜಿಸಿದೆ. ಒಳಗಿನ ಹಸಿರು, ಅದರ ಒಳಗಿನ ಮರ ಸ್ವಲ್ಪ ಸ್ವಲ್ಪ ಇಣುಕಿ, ಮೂರು ತಲೆಮಾರು ಬಾಳಿದ ಬಾಗಿಲಿನ ಹಾಗೆ ಕಂಡಿತು. ಪೈಂಟರ್ ಇದಕ್ಕಾಗಿ ಬಹಳ ಬೆವರಿದ್ದ.

ಮನೆಯ ಹಿರಿಯರು, ಆ ಉಪನ್ಯಾಸಕಿಯ ಮಾವ, ಅಂಚೆ ಕಚೇರಿಯಿಂದ ನಿವೃತ್ತರಾದವರು. ಪೈಂಟ್ ಕಿತ್ತು ಬರುತ್ತಾ ಉಂಟಲ್ಲ ಎಂದು ಮೆಲ್ಲಗೆ ವಿಚಾರಿಸಿದರು. ಇದು ಬೇಕೆಂದೇ ಮಾಡಿದ್ದು, ಈಗ ಹೀಗೆಯೇ ಚಂದ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು. ಅರ್ಥವಾಯಿತು ಎಂದುಕೊಂಡು ನಾನು ಮನೆಗೆ ಹೋದೆ.

ಒಕ್ಕಲಿಗೆ ಕೆಲವೇ ದಿನ ಇರುವಾಗ ಗಂಡ ಹೆಂಡತಿ ಯಾವುದೋ ಮದುವೆಗೆಂದು ಉಡುಪಿಗೆ ಹೋದರು. ಸೋಮವಾರ ನಾನು ಹೋಗಿ ನೋಡಿದರೆ ಬಾಗಿಲು ಕನ್ನಡಿಯಂತೆ ಹೊಳೆಯುತ್ತಿತ್ತು. ಕಂದು ಬಣ್ಣದ ಎನಾಮೆಲ್, ಗಟ್ಟಿಯಾಗಿ, ಹಿತ್ತಾಳೆಯ ಹಿಡಿಯನ್ನೂ ಬಿಡದೆ. ಬದಿಯಲ್ಲಿ ಮಾವ ನಿಂತಿದ್ದರು. ಕೈಯೂ ಕಂದು, ಪಂಚೆಯೂ ಕಂದು. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಉಪಕಾರ ಮಾಡಿದವರ ನಾಚಿಕೆ ಅವರ ಮುಖದಲ್ಲಿತ್ತು.

"ನೀವು ಹೇಳಿದ್ದು ನನಗೆ ಆ ದಿನವೇ ಅರ್ಥ ಆಯ್ತು ಮೇಡಂ," ಎಂದರು. "ಪೈಂಟರ್ ಎಡವಟ್ಟು ಮಾಡಿದ್ದಾನೆ, ನೀವು ಅವನನ್ನು ಬಿಟ್ಟುಕೊಡ್ಲಿಲ್ಲ. ಅದು ನಿಮ್ಮ ದೊಡ್ಡತನ."

ನೆಂಟರ ಎದುರು ಮಗನ ಮನೆ ಬಡವಾಗಿ ಕಾಣಬಾರದು ಎಂದು ಆ ಜೀವ ಬಿಸಿಲಿನಲ್ಲಿ ನಿಂತು ಬ್ರಷ್ ಎಳೆದಿತ್ತು. ಬಾಗಿಲು ಹಾಗೆಯೇ ಉಳಿಯಿತು. ಒಕ್ಕಲಿನ ದಿನ ಬಂದವರೆಲ್ಲ ನನ್ನ ಉಳಿದ ಕೆಲಸವನ್ನು ದಾಟಿ ಹೋಗಿ ಆ ಬಾಗಿಲನ್ನು ಮುಟ್ಟಿ ನೋಡಿದರು. ಈ ಡಿಸೈನರ್ ಬೇರೆ ಏನು ಮಾಡಿದ್ದಾರೋ ಗೊತ್ತಿಲ್ಲ, ಬಾಗಿಲು ಮಾತ್ರ ಮಾಡಿದ್ದಾರೆ ನೋಡಿ ಎಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು.

ಓದುವ ಕಿಟಕಿ

ಅದೇ ಊರಿನ ಇನ್ನೊಂದು ಮನೆಯಲ್ಲಿ ಪೂರ್ವದ ಗಾಜಿನ ಕಿಟಕಿಗೆ ಒಳಗಿನಿಂದ ಅಗಲವಾದ ಕಟ್ಟೆ ಕಟ್ಟಿಸಿ, ಮೆತ್ತನೆ ಹಾಸು ಹಾಕಿ, ಪಕ್ಕದಲ್ಲಿ ಪುಸ್ತಕಕ್ಕೆ ಗೂಡು ಮಾಡಿಕೊಟ್ಟೆ. ಕಾಲು ನೀಡಿ ಕೂತು ಓದಬೇಕು ಎಂದು ಮನೆಯಾಕೆಯೇ ಕೇಳಿದ್ದು. ಬೇಸಿಗೆಯಲ್ಲಿ ಹೋದಾಗ ಹಾಸು ಮಂಚದಡಿಯಲ್ಲಿತ್ತು, ಕಟ್ಟೆಯ ತುಂಬ ಹಲಸಿನ ಹಪ್ಪಳ ಒಣಗುತ್ತಿತ್ತು. ಓದಲಿಕ್ಕೆ ಬಿಸಿಲು ಸ್ವಲ್ಪ ಜಾಸ್ತಿಯಾಯಿತು, ಹಪ್ಪಳಕ್ಕೆ ಸರಿಯಾಗಿದೆ, ಕಾಗೆಯ ಕಾಟವೂ ಇಲ್ಲ ಎಂದು ಆಕೆ ಸಮಾಧಾನ ಹೇಳಿದರು. ಮಳೆಗಾಲದಲ್ಲಾದರೂ ಓದುತ್ತೀರಾ ಎಂದೆ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುವುದು ಎಂದು ಅವರೇ ನನ್ನನ್ನು ಕೇಳಿದರು.

ಬೇಸರದಲ್ಲೇ ಹೊರಟವಳನ್ನು ಪಕ್ಕದ ಮನೆಯಾಕೆ ಗೇಟಿನಲ್ಲಿ ನಿಲ್ಲಿಸಿದರು. ಅವರೂ ಮನೆ ಸರಿಮಾಡಿಸುವವರಿದ್ದರು. ಬೇರೆ ಎಲ್ಲ ನಿಮ್ಮ ಇಷ್ಟ, ನಮಗೂ ಅಂಥದ್ದೊಂದು ಹಪ್ಪಳದ ಕಿಟಕಿ ಬೇಕು ಎಂದರು.

ತೂಗುಮಂಚ

ಗುರುವಾಯನಕೆರೆಯ ಹತ್ತಿರ ಹೊಸ ಮನೆ ಕಟ್ಟಿಸಿದ ಒಬ್ಬ ವಕೀಲರ ಹೆಂಡತಿ ಮೊದಲ ದಿನವೇ ನನಗೆ ಹೇಳಿದ್ದು ಒಂದೇ ಮಾತು. "ಬಣ್ಣ, ಕಪಾಟು, ಎಲ್ಲ ನಿಮಗೆ ತೋರಿದ ಹಾಗೆ ಮಾಡಿ. ಆದರೆ ನಮ್ಮ ಅತ್ತೆ ಹಾಲ್‌ನಲ್ಲಿ ಬಂದು ಕೂರಬೇಕು. ಅಷ್ಟು ಆದ್ರೆ ಸಾಕು."

ಅತ್ತೆ ದೊಡ್ಡ ಕೂಡುಕುಟುಂಬದ ಮನೆಯಲ್ಲಿ ಬಾಳಿದವರು. ಅಲ್ಲಿ ಎದುರಿನ ಚಾವಡಿ ಗಂಡಸರದ್ದು, ಹೆಂಗಸರದ್ದು ಹಿಂದಿನ ಮೆಟ್ಟಿಲು. ಮಗನ ಬಾಡಿಗೆ ಮನೆಗೆ ಬಂದ ಮೇಲೂ ಅವರು ಹಿಂದಿನ ಮೆಟ್ಟಿಲನ್ನೇ ಹುಡುಕಿಕೊಂಡು ಕೂತರು. ಯಾರಾದರೂ ಬಂದರೆ ತಟ್ಟನೆ ಏಳುವುದು, ಯಾರಾದರೂ ಕರೆದರೆ ತಟ್ಟನೆ ಏಳುವುದು. ಹಾಲ್‌ಗೆ ಬನ್ನಿ ಎಂದರೆ, ನನಗೆ ಅಲ್ಲಿ ಎಂತ ಕೆಲಸ ಎನ್ನುತ್ತಿದ್ದರಂತೆ. ಹೊಸ ಮನೆಯಲ್ಲೂ ಹಾಗೇ ಆದರೆ ನಾವು ಮನೆ ಕಟ್ಟಿ ಏನು ಬಂತು ಎಂದು ಸೊಸೆಯ ಕಣ್ಣು ಒದ್ದೆಯಾಯಿತು. ಈ ಒಂದು ಕೆಲಸ ಕೈತಪ್ಪಬಾರದು ಎಂದು ನನಗೂ ಹಟ ಹುಟ್ಟಿತು.

ಅತ್ತೆಗೆ ಮಂಡಿ ನೋವು. ತಗ್ಗಿನ ಸೋಫಾದಲ್ಲಿ ಕೂತರೆ ಏಳುವುದು ಕಷ್ಟ. ಹಾಗಾಗಿ ಹಳೆಯ ಮರದ ಸಾಮಾನಿನ ಅಂಗಡಿಯೊಂದರಿಂದ ಕೆತ್ತನೆಯ ಮಂಚ ಹುಡುಕಿ ತಂದು, ಹಿತ್ತಾಳೆಯ ಸರಪಳಿ ಹಾಕಿ, ಅವರ ಮಂಡಿಯ ಎತ್ತರಕ್ಕೆ ಸರಿಯಾಗಿ ಹಾಲ್‌ನ ನಡುವೆ ತೂಗಿಸಿದೆ. ಕೂತರೆ ಅಂಗಳ ಕಾಣಬೇಕು, ಒಳಗಿನವರ ಮಾತೂ ಕೇಳಬೇಕು. ನನ್ನ ಮಟ್ಟಿಗೆ ಅಷ್ಟು ಒಳ್ಳೆಯ ಜಾಗವನ್ನು ನಾನು ಬೇರೆಲ್ಲೂ ಮಾಡಿಲ್ಲ.

ಒಕ್ಕಲಿನ ದಿನ ಬೆಳಿಗ್ಗೆ ಸೊಸೆ ಅವರನ್ನು ಕೈಹಿಡಿದು ಒಳಗೆ ಕರೆತಂದರು. ಅತ್ತೆ ಮಂಚವನ್ನು ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಹೊದ್ದು, ಕೈ ಮುಗಿದರು.

ನನಗೆ ಆಗ ಹೊಳೆಯಿತು. ನಮ್ಮ ಕಡೆಯ ಕುಟುಂಬದ ಮನೆಗಳ ಚಾವಡಿಯಲ್ಲಿ ಮನೆ ಕಾಯುವ ದೈವಕ್ಕೆಂದು ಇಂಥದ್ದೇ ಒಂದು ಮಂಚ ತೂಗುತ್ತಿರುತ್ತದೆ. ಅದರ ಎದುರು ದೀಪ ಇಡುತ್ತಾರೆ, ಅದರಲ್ಲಿ ಯಾರೂ ಕೂರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೆ ಸರಪಳಿಯ ಉದ್ದ ನೆನಪಿತ್ತು, ಇದು ನೆನಪಿರಲಿಲ್ಲ. ಇದು ನಿಮಗೆ ಕೂರಲಿಕ್ಕೆ ಎಂದು ಎಷ್ಟು ಹೇಳಿದರೂ ಅವರು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮನೆಯ ಹಿರಿಯರೇ ಕೈ ಮುಗಿದ ಮೇಲೆ ಬಂದವರು ಬಿಡುತ್ತಾರೆಯೇ? ಮೊದಲು ಬಂದ ನೆಂಟರು ಕೈಯಲ್ಲಿದ್ದ ಮಲ್ಲಿಗೆಯ ಚೆಂಡನ್ನು ಮಂಚದ ಮೇಲೆ ಇಟ್ಟರು. ಇನ್ನೊಬ್ಬರು ಸೀಯಾಳ ತಂದಿಟ್ಟರು. ಊಟದ ಹೊತ್ತಿಗೆ ಎದುರು ಒಂದು ಕಾಲುದೀಪ ಬಂದಿತ್ತು. ಅದನ್ನು ಇಟ್ಟವರು ಯಾರೆಂದು ಈಗಲೂ ಗೊತ್ತಿಲ್ಲ. ವಾರದೊಳಗೆ ಪಕ್ಕದ ಮನೆಯವರು ಮಗಳ ಮದುವೆಯ ಮೊದಲ ಆಮಂತ್ರಣವನ್ನು ಅಲ್ಲಿಟ್ಟು ಕೈ ಮುಗಿದು ಹೋದರು. ಫ್ಯಾನ್ ರಿಪೇರಿಗೆ ಬಂದವನು ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟ. ಎಲ್ಲಕ್ಕಿಂತ ಕಷ್ಟ ವಕೀಲರದ್ದು. ಟಿ.ವಿ. ಇದ್ದದ್ದು ಮಂಚದ ಎದುರು. ಮಂಚಕ್ಕೆ ಬೆನ್ನು ಹಾಕಿ ಕೂತು ಕ್ರಿಕೆಟ್ ನೋಡುತ್ತ ಹುರಿದ ಮೀನು ತಿನ್ನಲು ಅವರಿಗೆ ಮನಸ್ಸು ಬಾರದೆ, ತಟ್ಟೆ ಹಿಡಿದು ಹಿಂದಿನ ಮೆಟ್ಟಿಲಿಗೆ ಹೋದರು.

ಸೊಸೆ ನನಗೆ ಫೋನ್ ಮಾಡಿದರು. "ಅತ್ತೆ ಕೂರಬೇಕು ಅಂತ ಕೇಳಿದೆ ಮಾರಾಯ್ರೆ. ಈಗ ಹಾಲ್‌ನಲ್ಲಿ ಯಾರೂ ಕೂರುವುದಿಲ್ಲ."

ಮಂಚ ಬಿಚ್ಚಿಸುವ ಎಂದು ಬಡಗಿಯನ್ನು ಕರೆದುಕೊಂಡು ಹೋದೆ. ಅವನು ದೀಪ ನೋಡಿ ಉಳಿಯನ್ನು ಚೀಲಕ್ಕೆ ಹಾಕಿ, ಪ್ರಶ್ನೆ ಇಟ್ಟು ಕೇಳದೆ ಮುಟ್ಟುವುದಿಲ್ಲ ಎಂದ. ಊರಿನ ಜೋಯಿಸರಲ್ಲಿ ಕೇಳಿಸಿದ್ದಾಯಿತು. ಬರೇ ಮಂಚ ಅದು, ಯಾರು ಬೇಕಾದರೂ ಕೂರಬಹುದು ಎಂದು ಅವರು ನಗುತ್ತ ಹೇಳಿ ಕಳಿಸಿದರು. ಸರಿ, ಮೊದಲು ಕೂರುವವರು ಯಾರು? ವಕೀಲರು ಹೆಂಡತಿಯನ್ನು ನೋಡಿದರು. ಹೆಂಡತಿ ಬಡಗಿಯನ್ನು ನೋಡಿದರು. ಮೇಡಮೇ ತಂದದ್ದಲ್ಲವಾ, ಅವರೇ ಕೂರಲಿ ಎಂದ ಬಡಗಿ. ನಾನು ಹತ್ತಿರದವರೆಗೆ ಹೋದೆ. ಜಗತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅದು ಬರೇ ಮಂಚ ಎಂದು ಗೊತ್ತಿದ್ದವಳು ನಾನು. ಆದರೂ ಕೂರಲು ಧೈರ್ಯ ಬರಲಿಲ್ಲ.

ಮಂಚ ಅಲ್ಲೇ ಉಳಿಯಿತು, ಸೋತೆ ಎಂದುಕೊಂಡು ನಾನು ಆ ಕಡೆಗೆ ಹೋಗುವುದನ್ನೇ ಬಿಟ್ಟೆ. ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಬೇರೆ ಕೆಲಸಕ್ಕೆ ಹೋದವಳು ಹೆದರುತ್ತಲೇ ಒಳಗೆ ಇಣುಕಿದೆ. ದೀಪದ ಬದಿಯಲ್ಲಿ, ಎತ್ತರದ ಮರದ ಕುರ್ಚಿಯಲ್ಲಿ, ಕಾಲಿಗೆ ಮಣೆ ಇಟ್ಟುಕೊಂಡು ಅತ್ತೆ ಆರಾಮವಾಗಿ ಕೂತಿದ್ದರು. ಹಾಲ್‌ನ ಒಳ್ಳೆಯ ಜಾಗ ಅದು, ಅಂಗಳ ಪೂರ್ತಿ ಕಾಣುತ್ತಿತ್ತು. ದೀಪ ಇಟ್ಟ ಮೇಲೆ ನೋಡಿಕೊಳ್ಳಲು ಒಬ್ಬರು ಬೇಕಲ್ಲ, ಈಗ ಬೆಳಿಗ್ಗೆ ಸಂಜೆ ಅತ್ತೆ ಅಲ್ಲೇ ಎಂದು ಸೊಸೆ ಪಿಸುಗುಟ್ಟಿ, ನಗುನಗುತ್ತ ಚಹಾ ತರಲು ಒಳಗೆ ಹೋದರು. ನನ್ನ ಮನಸ್ಸು ತುಂಬಿ ಬಂತು.

ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, "ಅಮ್ಮಾ, ನಿಮಗೆ ನಿಜವಾಗಿಯೂ ಇದು ದೈವದ ಮಂಚ ಅಂತ ಅನ್ನಿಸ್ತದಾ?"

"ಇಲ್ಲ ಮಗಾ," ಎಂದರು ಅವರು. "ದೈವ ಅದರ ಜಾಗದಲ್ಲಿ ಉಂಟು. ಒಕ್ಕಲಿನ ದಿನ ಕೈ ತಾನಾಗಿ ಹೋಯ್ತು, ಅಭ್ಯಾಸ ನೋಡು. ಬರೇ ಮಂಚ ಅಂತ ಮರುದಿನವೇ ನನಗೆ ಗೊತ್ತಾಯ್ತು." ಕಾಲಿನ ಮಣೆಯನ್ನು ಹತ್ತಿರ ಎಳೆದುಕೊಂಡರು. "ಮದುವೆ ಆಗಿ ಬಂದ ಲಾಗಾಯ್ತು ನಾನು ಎಲ್ಲಿ ಕೂತ್ರೂ ಒಬ್ಬರಲ್ಲ ಒಬ್ಬರು ಏಳಿಸ್ತಿದ್ರು. ಇಲ್ಲಿ ಕೂತವಳನ್ನು ಯಾರೂ ಏಳಿಸುವುದಿಲ್ಲ."

ಅಷ್ಟರಲ್ಲಿ ಒಳಗಿನಿಂದ ವಕೀಲರ ದನಿ ಕೇಳಿತು. ಅಮ್ಮಾ, ನನ್ನ ಕನ್ನಡಕ ಎಲ್ಲಿ ಎಂದು ಕೂಗುತ್ತ ಅವರು ಬಾಗಿಲಿಗೆ ಬಂದರು. ಅತ್ತೆ ಕಣ್ಣು ಮುಚ್ಚಿ ಎರಡೂ ಕೈ ಜೋಡಿಸಿದರು. ವಕೀಲರು ಅಲ್ಲೇ ನಿಂತು, ತಪ್ಪಾಯಿತು ಎನ್ನುವಂತೆ ತಾವೂ ಕೈ ಮುಗಿದು, ತುದಿಗಾಲಿನಲ್ಲಿ ಹಿಂದೆ ಹೋದರು. ಒಳಗೆ ಕಪಾಟುಗಳನ್ನು ಒಂದೊಂದಾಗಿ ತೆರೆಯುವ ಸದ್ದು ಕೇಳತೊಡಗಿತು.

ಅತ್ತೆ ನನ್ನ ಕಡೆಯ ಒಂದು ಕಣ್ಣನ್ನು ಮಾತ್ರ ತೆರೆದರು.

"ಫ್ರಿಜ್ಜಿನ ಮೇಲೆ ಉಂಟು," ಎಂದರು. "ಹುಡುಕಲಿ."