ಮೇಷ್ಟ್ರ ಪರೀಕ್ಷೆಯಲ್ಲಿ ಪಾಸಾದ ಫೋನು

"ಈ ಬೇಸಿಗೆ ರಜೆಯಲ್ಲಿ ಈ ಮನೆಯಿಂದ ಜಗತ್ತಿಗೊಂದು ಕೊಡುಗೆ ಹೋಗುತ್ತೆ, ನೋಡ್ತಾ ಇರಿ!" ಎಂದು ಗಣಿತದ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು.

"ಕೊಡುಗೆ ಆಮೇಲೆ ಹೋಗ್ಲಿ, ಮೊದ್ಲು ಕಸದ ಬುಟ್ಟಿ ಹೋಗ್ಲಿ. ಗಾಡಿ ಬಂದಿದೆ," ಎಂದರು ಹೆಂಡತಿ.

ಮೇಷ್ಟ್ರ ಹೆಂಡತಿ ಹೆರಿಗೆ ಮಾಡಿಸುವ ದಾದಿ. ಊರಿಗೆಲ್ಲ ಅವರು 'ಸಿಸ್ಟರ್'. ಹಾಲಿನವನಿಗೆ ಸಿಸ್ಟರ್, ಬ್ಯಾಂಕಿನವರಿಗೆ ಸಿಸ್ಟರ್, ಸ್ವಂತ ತಾಯಿಯೂ ಮರೆತು ಒಮ್ಮೊಮ್ಮೆ ಸಿಸ್ಟರ್ ಅನ್ನುವುದುಂಟು. ಹಾಗಾದರೆ ಗಂಡನಾದವನು ಏನೆಂದು ಕರೆಯಬೇಕು? ಎಂಥೆಂಥ ಸಮೀಕರಣ ಬಿಡಿಸಿದ ಮೇಷ್ಟ್ರಿಗೆ ಮದುವೆಯಾದಾಗಿನಿಂದಲೂ ಬಗೆಹರಿಯದ ಲೆಕ್ಕ ಇದೊಂದೇ. ಅವರು "ಏ, ಕೇಳಿಸ್ತಾ?" ಎಂಬುದರಲ್ಲೇ ಸಂಸಾರ ತೂಗಿಸಿಕೊಂಡು ಬಂದಿದ್ದರು.

ಇನ್ನು ಆ ಕೊಡುಗೆಯ ವಿಷಯ. ಫೋನು ಕೊಂಡಾಗ ಅದರೊಳಗೆ ಕಂಪನಿಯವರು ಕೂರಿಸಿದ ಒಂದು ಕಾರ್ಯಾಚರಣೆ ವ್ಯವಸ್ಥೆ, ಅಂದರೆ ಆಪರೇಟಿಂಗ್ ಸಿಸ್ಟಂ, ಇರುತ್ತದಲ್ಲ, ಅದನ್ನು ಹಳೇ ಬಾಡಿಗೆದಾರನ ಹಾಗೆ ಗಂಟುಮೂಟೆ ಸಮೇತ ಖಾಲಿ ಮಾಡಿಸಿ, ಆ ಜಾಗದಲ್ಲಿ ದೇಶದೇಶದ ಹವ್ಯಾಸಿಗಳು ಸೇರಿ ಬರೆದ ಬೇರೊಂದು ಸ್ವತಂತ್ರ ವ್ಯವಸ್ಥೆಯನ್ನು ಒಕ್ಕಲು ಮಾಡಿಸುವುದು. ಆ ಬಳಗದಲ್ಲಿ ಮೇಷ್ಟ್ರು ಬಹಳ ಕಾಲದಿಂದ ಓದುಗರಾಗಿದ್ದರು. ಈಗ ಕರ್ತೃವಾಗಬೇಕು! ಯಾರೂ ಇನ್ನೂ ಕೈಹಚ್ಚದ ಒಂದು ಫೋನನ್ನು ಆರಿಸಿ, ಹೊಸ ವ್ಯವಸ್ಥೆಯನ್ನು ಅದಕ್ಕೆ ಒಗ್ಗಿಸಿ, "ಇದು ನನ್ನದು" ಎಂದು ಬಳಗದ ಮುಂದೆ ಎದೆಯುಬ್ಬಿಸಿ ನಿಲ್ಲಬೇಕು!

ಆದರೆ ಯಾವ ಫೋನು? ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವ ಪೈಕಿಯವರಲ್ಲ ಮೇಷ್ಟ್ರು. ಹಿಂದಿನ ಕೋಣೆಯ ಗೋಡೆಗೆ ಕರಿಹಲಗೆ ತೂಗುಹಾಕಿ ಫೋನುಗಳಿಗೆ ಪರೀಕ್ಷೆ ಇಟ್ಟರು. ವ್ಯವಸ್ಥೆ ಬದಲಿಸದಂತೆ ಹಾಕಿದ ಬೀಗ ತೆಗೆಯಲು ಕಂಪನಿ ಬಿಡುತ್ತದೆಯೇ? ತನ್ನ ತಂತ್ರಾಂಶದ ಮೂಲವನ್ನು ಬಹಿರಂಗ ಮಾಡಿದೆಯೇ? ಒಳಗಿನ ಚಿಪ್ ನಾಲ್ಕು ಜನಕ್ಕೆ ಗೊತ್ತಿರುವ ಜಾತಿಯದೇ? ಕೆಲಸ ಕೆಟ್ಟು ಫೋನು ಮೂರ್ಛೆ ಹೋದರೆ ಎಬ್ಬಿಸಲು ದಾರಿ ಇದೆಯೇ? ಪ್ರತಿಯೊಂದಕ್ಕೂ ಅಂಕ. ಮೇಷ್ಟ್ರು ಶಾಲೆಯಲ್ಲೇ ಕೃಪಾಂಕ ಕೊಟ್ಟವರಲ್ಲ. ಅವರ ಸ್ವಂತ ಫೋನು ಮೊದಲನೇ ಪ್ರಶ್ನೆಯಲ್ಲೇ ಮಕಾಡೆ ಮಲಗಿತು. ಜೊತೆಯಲ್ಲೇ ಇದ್ದ ಹೆಣ್ಣುಕೊಟ್ಟ ಅತ್ತೆಯವರ ಫೋನು ಸೊನ್ನೆ ತೆಗೆಯಿತು.

"ನನ್ನ ಫೋನು ಫೇಲಾ?" ಅತ್ತೆಯವರು ಕನ್ನಡಕ ಮೇಲೆತ್ತಿ ಕರಿಹಲಗೆಯನ್ನು ದಿಟ್ಟಿಸಿದರು. "ನಿನ್ನೆ ತಾನೇ ತಂಗಿ ಜೊತೆ ಗಂಟೆಗಟ್ಲೆ ಮಾತಾಡಿದೀನಿ. ಎಷ್ಟು ಚೆನ್ನಾಗಿ ಮಾತಾಡ್ತು!"

"ಅತ್ತೆ, ಮಾತಾಡಿದ್ದು ನೀವು. ಅದರಲ್ಲಿ ಫೋನಿನ ಸಾಧನೆ ಏನೂ ಇಲ್ಲ."

ಸಹೋದ್ಯೋಗಿಗಳ ಫೋನುಗಳು, ಅಂಗಡಿಗಳ ಗಾಜಿನ ಹಿಂದಿನ ಫೋನುಗಳು, ಜಾಹೀರಾತಿನ ಫೋನುಗಳು, ಎಲ್ಲವೂ ಸಾಲಾಗಿ ನಪಾಸಾದವು. ಕೊನೆಗೆ ಎಲ್ಲಾ ವಿಷಯದಲ್ಲೂ ಪ್ರಥಮ ದರ್ಜೆಯಲ್ಲಿ ಪಾಸಾದದ್ದು ಒಂದೇ ಒಂದು ಮಾದರಿ. ದಪ್ಪ, ಕಪ್ಪು, ಹಳೆಯದು. ಎಲ್ಲರಿಗಿಂತ ಬುದ್ಧಿವಂತ ವಿದ್ಯಾರ್ಥಿ ಕೊನೇ ಬೆಂಚಿನಲ್ಲಿ ಕೂತಿರುತ್ತಾನಲ್ಲ, ಹಾಗೆ ಅದು ಇಷ್ಟು ದಿನ ಮನೆಯಲ್ಲೇ ಇತ್ತು. ಸಿಸ್ಟರ್ ಫೋನು!

"ಏ, ಕೇಳಿಸ್ತಾ? ನಿನ್ನ ಫೋನು ಫಸ್ಟ್ ಕ್ಲಾಸು!"

"ಅದನ್ನ ಮುಟ್ಟಿದ್ರೆ ಕೈ ಮುರೀತೀನಿ."

ಕೈ ಹೇಗೆ ಹಿಡಿಯಬೇಕು, ಹೇಗೆ ತಿರುಗಿಸಬೇಕು ಎಂದು ತರಬೇತಿ ಪಡೆದ ಹೆಂಗಸು ಆಡಿದ ಮಾತು. ಮೇಷ್ಟ್ರು ಒಂದು ಹೆಜ್ಜೆ ಹಿಂದೆ ಸರಿದರು.

ಆ ಫೋನು ಸಾಮಾನ್ಯದ್ದಲ್ಲ. ಬೆಂಕಿ ಆರಿಸುವ ಗಾಡಿಯ ಹಾಗೆ ಬಡಿದುಕೊಳ್ಳುತ್ತಿತ್ತು. ಹುಟ್ಟುವ ಮಕ್ಕಳು ಗಡಿಯಾರ ನೋಡುವುದಿಲ್ಲ, ಹಾಗಾಗಿ ಅದು ಯಾವಾಗ ಬೇಕಾದರೂ ಬಡಿದುಕೊಳ್ಳುತ್ತಿತ್ತು. ಹೊರಬಾಗಿಲ ಪಕ್ಕದ ಮೊಳೆಯಲ್ಲಿ ಸಿಸ್ಟರ್ ಚೀಲ; ಚೀಲದ ಹೊರಜೇಬಿನಲ್ಲಿ ಫೋನು. ಫೋನು ಮನೆಯಲ್ಲಿ ಎಲ್ಲೇ ಕಣ್ಣಿಗೆ ಬೀಳಲಿ, ನೋಡಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಅದನ್ನು ಜೇಬಿಗೆ ಸೇರಿಸಬೇಕು ಎಂಬುದು ಆ ಮನೆಯ ಕಾನೂನು. ಉಣ್ಣುತ್ತಿದ್ದವರು ಎಡಗೈಯಲ್ಲಿ ಸೇರಿಸಿದ್ದಾರೆ; ಜ್ವರದಲ್ಲಿ ಮಲಗಿದ್ದವರು ಎದ್ದು ಸೇರಿಸಿದ್ದಾರೆ. ಮೇಷ್ಟ್ರ ಕೈಗಂತೂ ಅದು ಉಸಿರಾಟದಷ್ಟೇ ರೂಢಿಯಾಗಿತ್ತು.

ಸರಿ, ಅದೇ ಮಾದರಿಯ ಇನ್ನೊಂದು ಫೋನು ಹುಡುಕಬೇಕಾಯಿತು. ಹಳೇ ಫೋನುಗಳ ಬೀದಿಯಲ್ಲಿ ಮೇಷ್ಟ್ರು ಅಂಗಡಿಯಿಂದ ಅಂಗಡಿಗೆ ಹೊಕ್ಕು, "ಇದರ ಬೀಗ ಒಡೆಯೋಕೆ ಬರುತ್ತಾ?" ಎಂದು ಕೇಳುತ್ತಾ ಹೋದರು.

ಒಬ್ಬ ಅಂಗಡಿಯವನು ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಸಾರ್, ನೋಡಿದ್ರೆ ಮರ್ಯಾದಸ್ಥರ ಹಾಗಿದೀರಿ. ಕದ್ದ ಮಾಲು ನಾವು ಮುಟ್ಟಲ್ಲ."

"ಕದಿಯೋಕಲ್ಲಪ್ಪಾ, ಬಿಡುಗಡೆ ಮಾಡೋಕೆ!"

"ಎಲ್ರೂ ಹಾಗೇ ಅಂತಾರೆ ಸಾರ್."

ಅಂತೂ ಒಂದು ಸಿಕ್ಕಿತು. ಅದೇ ದಪ್ಪ, ಅದೇ ಕಪ್ಪು. ಮೇಷ್ಟ್ರು ಅದನ್ನು ಮಗು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದು ಕೆಲಸಕ್ಕೆ ಕೂತರು. ಫೋನು ಮೂರ್ಛೆ ಹೋಯಿತು, ಎಬ್ಬಿಸಿದರು. ಎದ್ದು ತಲೆಕೆಳಗಾಗಿ ಚಿತ್ರ ತೋರಿಸಿತು, ತಿದ್ದಿದರು. ಮುಟ್ಟಿದರೆ ತಣ್ಣಗಿರುತ್ತಿತ್ತು, ಮುಟ್ಟದಿದ್ದರೆ ಕೂಗುತ್ತಿತ್ತು, ಅದನ್ನೂ ಬಗ್ಗಿಸಿದರು. ಹೇಳಲೇಬೇಕು, ಮನುಷ್ಯನ ಹಟ ದೊಡ್ಡದು. ಪರದೆ ಬಂತು, ಸದ್ದು ಬಂತು, ಕ್ಯಾಮೆರಾ ಬಂತು, ಟಾರ್ಚ್ ಅಂತೂ ಮೊದಲಿಗಿಂತ ಝಗಝಗ ಉರಿಯಿತು. ಬಳಗದವರು ಎಲ್ಲೆಲ್ಲಿಂದಲೋ ಶಹಬ್ಬಾಸ್ ಎಂದರು. ಬಾರದೇ ಉಳಿದದ್ದು ಒಂದೇ. ಕರೆ!

"ಕರೆ ಬರದೇ ಇರೋದಕ್ಕೆ ಫೋನು ಅಂತ ಯಾಕಂತೀಯಪ್ಪಾ?" ಎಂದರು ಅತ್ತೆ.

"ಅತ್ತೆ, ಇದ್ದ ಗುಣಗಳನ್ನ ನೋಡ್ಬೇಕು. ಒಂದಿಲ್ಲ ಅಂತ ಕೊರಗಬಾರದು."

"ಹೌದಪ್ಪಾ, ಅಳಿಯನ ವಿಷಯದಲ್ಲೂ ಹಾಗೇ ಅಂದ್ಕೊಂಡು ಸುಮ್ನಿದೀನಿ."

ಮೇಷ್ಟ್ರು ಈ ಬಾಣವನ್ನು ಗಮನಿಸಲೇ ಇಲ್ಲ. ಅವರು ಹೆಂಡತಿಯ ಫೋನಿನ ಮುಖದ ಮೇಲಿದ್ದ ಚಿತ್ರವನ್ನೇ ತಂದು ಹೊಸದರ ಮುಖಕ್ಕೂ ಅಂಟಿಸುತ್ತಿದ್ದರು. "ಎರಡನ್ನೂ ಪಕ್ಕದಲ್ಲಿಟ್ರೆ ನಿನಗೇ ಗೊತ್ತಾಗಬಾರದು, ಹಾಗೆ ಮಾಡ್ತೀನಿ!"

"ಅದಕ್ಕೊಂದು ಗುರುತು ಹಾಕ್ರೀ," ಎಂದರು ಸಿಸ್ಟರ್. "ಒಂದು ಬಣ್ಣದ ಚುಕ್ಕೆನಾದ್ರೂ ಇಡಿ."

"ಒಳಗೆ ಆಕಾಶಕ್ಕೂ ಭೂಮಿಗೂ ಇರೋ ವ್ಯತ್ಯಾಸ ಇರೋವಾಗ ಹೊರಗೆ ಚುಕ್ಕೆ ಯಾಕೆ?"

ಮಾರನೆಯ ಬೆಳಿಗ್ಗೆ ಸಿಸ್ಟರ್ ಸ್ನಾನಕ್ಕೆ ಹೋದಾಗ ಮೇಷ್ಟ್ರು ಅವರ ಫೋನನ್ನು ಚೀಲದಿಂದ ತೆಗೆದು ತಂದು ತಮ್ಮದರ ಪಕ್ಕದಲ್ಲಿಟ್ಟರು. ಒಳಗೆ ಕೈಹಾಕುವ ಉದ್ದೇಶ ಇರಲಿಲ್ಲ, ಸುಮ್ಮನೆ ನೋಡಿ ಸಂತೋಷಪಡಲಿಕ್ಕೆ. ನೋಡಿದಷ್ಟೂ ಸಂತೋಷ ಹೆಚ್ಚಿತು. ಅವಳಿಜವಳಿ! ಹೆತ್ತವಳಿಗೇ ಗುರುತು ಸಿಗಬಾರದು! ಅಷ್ಟರಲ್ಲಿ ಹಜಾರದಿಂದ ಕೂಗು ಬಂತು. "ನಾನು ಹೊರಟೆ! ಫೋನು ಜೇಬಲ್ಲಿದೆಯಾ?"

ಅಷ್ಟು ವರ್ಷದ ಕಾನೂನು ನೋಡಿ, ಮೇಷ್ಟ್ರ ಕೈ ಮೇಷ್ಟ್ರನ್ನು ಕೇಳಲಿಲ್ಲ. ಹತ್ತಿರ ಇದ್ದದ್ದನ್ನು ಎತ್ತಿಕೊಂಡಿತು, ಹೋಗಿ ಜೇಬಿಗೆ ಸೇರಿಸಿತು, ಟಾಟಾ ಕೂಡ ಮಾಡಿತು. ಸಿಸ್ಟರ್ ಸ್ಕೂಟರ್ ಏರಿ ಬಾಣಂತಿಯರನ್ನೂ ಬಸುರಿಯರನ್ನೂ ನೋಡಿಬರಲು ಹೊರಟುಹೋದರು.

ಮೇಷ್ಟ್ರು ವಾಪಸ್ಸು ಬಂದು ಮೇಜಿನ ಮೇಲಿದ್ದ ಫೋನಿನ ಮುಂದೆ ಕೂತು, ಕರೆಯ ಭಾಗವನ್ನು ಎಲ್ಲಿ ತಿದ್ದುವುದೆಂದು ಕಂಪ್ಯೂಟರಿನಲ್ಲಿ ಹುಡುಕತೊಡಗಿದರು. ಒಂದು ಸಾಲು ತಿದ್ದಿದರು. ಇನ್ನೊಂದು ಸಾಲು ಅಳಿಸುವಷ್ಟರಲ್ಲಿ ಗಂಟೆಯೇ ಕಳೆದಿತ್ತು. ತಿದ್ದಿದ್ದನ್ನು ಇನ್ನೂ ಫೋನಿಗೆ ಕಳಿಸಿರಲಿಲ್ಲ, ಆಗಲೇ ಅದು ಮನೆ ನಡುಗುವ ಹಾಗೆ ಬಡಿದುಕೊಂಡಿತು!

ಮೇಷ್ಟ್ರು ಕುರ್ಚಿಯಿಂದ ಬಿದ್ದೇಬಿಟ್ಟರು. ಬಿದ್ದಲ್ಲಿಂದಲೇ, "ಬಂತು! ಕರೆ ಬಂತು! ಅತ್ತೇ, ಓಡಿ ಬನ್ನಿ!" ಎಂದು ಕೂಗಿ ಫೋನು ಎತ್ತಿದರು.

"ಹಲೋ! ಯಾರೇ ಆಗಿರಿ, ನಿಮ್ಮ ಋಣ ನಾನು ತೀರಿಸಲಾರೆ! ನನ್ನ ಧ್ವನಿ ಸ್ಪಷ್ಟವಾಗಿ ಕೇಳ್ತಿದೆಯಾ?"

"ಕೇಳ್ತಿದೆ... ನಾನು ಬಸ್ ಡ್ರೈವರು. ನೋವು ಶುರುವಾಗಿದೆ!"

"ನೋವು ಇರ್ಲಿ, ಸಣ್ಣದು. ಎಕೋ ಬರ್ತಿದೆಯಾ?"

"ಎಕೋನಾ? ಅದು ಆಗ್ಲೇ ಮಾಡಿಸಿದೀವಿ ಸಾರ್, ಮಗು ಹೃದಯ ಚೆನ್ನಾಗಿದೆ ಅಂದ್ರು."

"ಮಗು?"

"ಸಿಸ್ಟರ್ ಇಲ್ವಾ ಸಾರ್? ಇದು ಸಿಸ್ಟರ್ ನಂಬರ್ ತಾನೇ?"

ಮೇಷ್ಟ್ರು ಫೋನನ್ನು ಕಿವಿಯಿಂದ ಇಳಿಸಿ ಅದರ ಮುಖ ನೋಡಿದರು. ತಿರುಗಿಸಿ ಬೆನ್ನು ನೋಡಿದರು. ಆಕಾಶ ಹೆಂಡತಿಯ ಚೀಲದಲ್ಲಿ ಹೋಗಿತ್ತು, ಭೂಮಿ ಇವರ ಕೈಯಲ್ಲಿ ಕೂತು ಬಸ್ ಡ್ರೈವರನ ದನಿಯಲ್ಲಿ ಮಾತಾಡುತ್ತಿತ್ತು.

ಬೇರೇನೂ ಗೊತ್ತಿಲ್ಲದೆ, ಹೆಂಡತಿ ದಿನಾ ಕೇಳುವ ಪ್ರಶ್ನೆಯನ್ನೇ ಕೇಳಿದರು. "ನೋವು ಎಷ್ಟು ಹೊತ್ತಿಗೊಂದು ಬರ್ತಿದೆ?"

"ಮೊದ್ಲು ಬಿಟ್ಟು ಬಿಟ್ಟು ಬರ್ತಿತ್ತು. ಆಮೇಲೆ ಬೇಗ ಬೇಗ. ಈಗ ಬಿಡ್ತಾನೇ ಇಲ್ಲ!"

ಇಳಿಕೆಯ ಶ್ರೇಢಿಯನ್ನು ಮೇಷ್ಟ್ರು ಎಷ್ಟು ತಂಡಗಳಿಗೆ ಪಾಠ ಮಾಡಿದ್ದರೋ! ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ಆಂಬುಲೆನ್ಸ್ ಕರೀರಿ!" ಎಂದು ಕಿರುಚಿದರು.

"ಕರೆದಿದೀನಿ ಸಾರ್, ದಾರೀಲಿದೆ. ಅಲ್ಲೀವರೆಗೆ ಸಿಸ್ಟರ್ ಬೇಕು. ಸಿಸ್ಟರ್ ಬಂದ್ರೆ ಅವಳಿಗೆ ಅರ್ಧ ಧೈರ್ಯ!"

ಕರೆ ಮುಗಿಯಿತು. ಅತ್ತೆಯವರು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಮ್ಮ ಫೋನನ್ನು ಮುಂದೆ ಚಾಚಿದರು. "ತಗೋ, ಫೇಲಾಗಿರೋದು. ಅವಳಿಗೆ ಮಾಡು."

ಮೇಷ್ಟ್ರು ಮುಖ ಸಣ್ಣಗೆ ಮಾಡಿಕೊಂಡು ಹೆಂಡತಿಯ ಹೆಸರು ಒತ್ತಿದರು. ತಕ್ಷಣ ಅವರ ಇನ್ನೊಂದು ಕೈಯಲ್ಲಿದ್ದ ಫೋನು ಬಡಿದುಕೊಂಡಿತು. ಹೋದ ಜೀವ ಬಂದಂತಾಗಿ ಅದನ್ನೂ ಎತ್ತಿ ಇನ್ನೊಂದು ಕಿವಿಗಿಟ್ಟುಕೊಂಡರು. "ಹಲೋ! ಎಲ್ಲಿದೀಯ?" ಎಂದರು. ಆ ಕಿವಿಯಲ್ಲಿ "ಹಲೋ! ಎಲ್ಲಿದೀಯ?" ಎಂದಿತು. "ನಾನು ಮನೇಲಿದೀನಿ, ನೀನೆಲ್ಲಿ?" ಎಂದರು. "ನಾನು ಮನೇಲಿದೀನಿ, ನೀನೆಲ್ಲಿ?" ಎಂದಿತು. ಅತ್ತೆಯವರು ಕಣ್ಣು ಮುಚ್ಚಿಕೊಂಡು ಗೋಡೆಗೆ ಒರಗಿದರು.

ಮೇಷ್ಟ್ರು ಓಡಿದರು. ಬಸ್ ಡಿಪೋ ಹಿಂದಿನ ಓಣಿಯಲ್ಲಿ ಡ್ರೈವರನ ಮನೆ, ಅಷ್ಟು ಮಾತ್ರ ಗೊತ್ತಿತ್ತು. ಮನೆಯ ಚಪ್ಪಲಿ ಮೊದಲ ತಿರುವಿನಲ್ಲೇ ಕಳಚಿತು, ಬಿಟ್ಟು ಓಡಿದರು. ಹೋಗಿ ಏನು ಮಾಡುವುದು? ಗೊತ್ತಿಲ್ಲ. ಆ ಹೆಂಗಸು ನೋವಿನಲ್ಲಿ ಬಾಗಿಲ ಕಡೆ ನೋಡುತ್ತಿರುತ್ತಾಳೆ, ಸಿಸ್ಟರ್ ಬರಬೇಕಾದ ಬಾಗಿಲಲ್ಲಿ ಗಣಿತದ ಮೇಷ್ಟ್ರು ಬಂದು ನಿಂತರೆ ಅವಳಿಗೆ ಹೇಗಾಗಬೇಡ! ತಾಯಿಗೋ ಮಗುವಿಗೋ ಏನಾದರೂ ಆದರೆ? ಇಷ್ಟು ವರ್ಷ ಒಂದು ಕರೆಯನ್ನೂ ತಪ್ಪಿಸದ ಹೆಂಡತಿಯ ಮುಖ ಹೇಗೆ ನೋಡುವುದು? ಜೀವನದಲ್ಲಿ ಮೊದಲ ಬಾರಿಗೆ ಮೇಷ್ಟ್ರಿಗೆ ಜಗತ್ತಿಗೆ ಏನನ್ನೂ ಕೊಡುವ ಆಸೆ ಉಳಿಯಲಿಲ್ಲ.

ಡಿಪೋ ಹಿಂದಿನ ಓಣಿಗೆ ತಿರುಗಿದರೆ, ಒಂದು ಮನೆಯ ಮುಂದೆ ಸಿಸ್ಟರ್ ಸ್ಕೂಟರ್ ನಿಂತಿತ್ತು. ಅದರ ಹಿಂದೆ ಆಂಬುಲೆನ್ಸ್. ಒಳಗಿನಿಂದ ಎಳೇ ಅಳು ಕೇಳಿಸುತ್ತಿತ್ತು, ಒಳ್ಳೇ ಗಟ್ಟಿ ಅಳು. ಡ್ರೈವರ್ ಹೊರಗೆ ಬಂದು, "ಹೆಣ್ಣು ಸಾರ್! ಆಂಬುಲೆನ್ಸಿಗಿಂತ ಮುಂಚೆ ಬಂದ್ಬಿಟ್ಳು! ಸಿಸ್ಟರ್ ಬರೋದಕ್ಕೂ ಅವಳು ಬರೋದಕ್ಕೂ ಸರಿಹೋಯ್ತು!" ಎಂದು ಮೇಷ್ಟ್ರನ್ನು ತಬ್ಬಿಕೊಂಡ. ಮೇಷ್ಟ್ರು ಅವನ ಹೆಗಲ ಮೇಲೆ ಮುಖವಿಟ್ಟು ಅತ್ತೇಬಿಟ್ಟರು. ಹೊರಗೆ ನಿಂತಿದ್ದವರಿಗೆ ಮಗು ಯಾರದ್ದೆಂದೇ ಒಂದು ಕ್ಷಣ ಗೊತ್ತಾಗಲಿಲ್ಲ.

ತಾಯಿ ಮಗುವನ್ನು ಆಂಬುಲೆನ್ಸಿನಲ್ಲಿ ಕೂರಿಸಿ ಕಳಿಸಿದ ಮೇಲೆ ಸಿಸ್ಟರ್ ಕೈ ಒರೆಸಿಕೊಳ್ಳುತ್ತಾ ಬಂದರು. ಗಂಡನ ಬರಿಗಾಲನ್ನು ನೋಡಿದರು, ಕೈಯಲ್ಲಿದ್ದ ಫೋನನ್ನು ನೋಡಿದರು.

"ನಿನಗೆ... ನಿನಗೆ ಹೇಗೆ ಗೊತ್ತಾಯ್ತು?" ಮೇಷ್ಟ್ರು ತೊದಲಿದರು.

"ಮನೆ ಬಿಟ್ಟು ಎರಡು ಬೀದಿ ದಾಟಿದ್ರೂ ಫೋನು ಬಡ್ಕೊಳ್ಳಲಿಲ್ಲ. ಆಗ್ಲೇ ಅಂದ್ಕೊಂಡೆ, ಇದು ನನ್ನದಲ್ಲ ಅಂತ."

"ಮತ್ತೆ ಇಲ್ಲಿಗೇ ಹೇಗೆ ಬಂದೆ?"

"ನಿನ್ನೆ ಇವಳನ್ನ ನೋಡಿದ್ದೆ. ಎರಡನೇ ಹೆರಿಗೆ, ಇವತ್ತೇ ಆಗುತ್ತೆ, ಬೇಗ ಆಗುತ್ತೆ ಅನ್ನಿಸಿತ್ತು. ಫೋನು ಇಲ್ಲ ಅಂದ್ರೆ ಕೈಕಾಲು ಇಲ್ವಾ? ಎರಡು ಮನೆ ಮುಗಿಸಿ ಇಲ್ಲಿಗೇ ಬಂದೆ."

ಇವಳೇನು ಮನುಷ್ಯಳೋ ದೇವತೆಯೋ! ಮೇಷ್ಟ್ರು ಬಾಯಿ ಬಿಟ್ಟುಕೊಂಡು ಹೆಂಡತಿಯನ್ನು ನೋಡಿದರು. ಮದುವೆಯ ದಿನವೂ ಅಷ್ಟು ಹೊತ್ತು ನೋಡಿರಲಿಲ್ಲ. "ತಪ್ಪಾಯ್ತು. ಇವತ್ತೇ ಅದರೊಳಗಿರೋದನ್ನೆಲ್ಲ ಅಳಿಸಿ ಹಾಕ್ತೀನಿ. ಇನ್ನು ಈ ಹುಚ್ಚು ಸಾಕು."

"ಅಳಿಸ್ತೀರಾ? ಏನೂ ಬೇಡ!" ಎಂದು ಸಿಸ್ಟರ್ ಚೀಲದ ಜೇಬನ್ನು ಕೈಯಿಂದ ಮುಚ್ಚಿ ಹಿಡಿದುಕೊಂಡರು. "ಎಷ್ಟು ಚೆನ್ನಾಗಿದೆ ಗೊತ್ತಾ ಇದು? ಮೊದಲ್ನೇ ಮನೇಲಿ ಕಾಫಿ ಕೊಟ್ರು. ಬಿಸಿ ಇರೋವಾಗ್ಲೇ ಪೂರ್ತಿ ಕುಡಿದೆ! ಎರಡನೇ ಮನೇಲಿ ಆ ಅಜ್ಜಿ ತನ್ನ ಮಂಡಿನೋವಿನ ಕಥೆ ಶುರು ಮಾಡಿದ್ರು. ಕೊನೇವರೆಗೆ ಕೇಳಿದೆ, ಪಾಪ! ನನಗೆ ವಾರಕ್ಕೊಂದು ರಜಾ ಅಂತ ಹೆಸರಿಗೆ ಇದೆ. ಆಸ್ಪತ್ರೇಲಿ ಇನ್ನೊಬ್ಬಳು ದಾದಿ ಡ್ಯೂಟೀಲಿದ್ರೂ ಎಲ್ರೂ ನನಗೇ ಮಾಡ್ತಾರೆ. ಇನ್ಮೇಲೆ ರಜಾ ದಿನ ನಿಮ್ಮ ಕೈಲಿರೋ ಆ ಫೋನನ್ನ ಅವಳ ಕೈಗೆ ಕೊಟ್ಟು, ನಾನು ಇದನ್ನೇ ಇಟ್ಕೋತೀನಿ."

ಮೇಷ್ಟ್ರಿಗೆ ಕಿವಿಯನ್ನೇ ನಂಬಲಾಗಲಿಲ್ಲ. ದೇಶದೇಶದ ಶಹಬ್ಬಾಸ್‌ಗಿರಿ ಎಲ್ಲ ಒಂದು ತೂಕ, ಈ ಒಂದು ಮಾತು ಒಂದು ತೂಕ! ಬಾಡಿದ್ದ ಎದೆ ಮತ್ತೆ ಉಬ್ಬಿತು. ಬರಿಗಾಲಲ್ಲೇ ನೆಟ್ಟಗೆ ನಿಂತರು.

"ಹಾಗಾದ್ರೆ ಒಂದೇ ಒಂದು ವಾರ ಟೈಮ್ ಕೊಡು! ಇದಕ್ಕೆ ಕರೆ ಬರೋ ಹಾಗೆ ಮಾಡ್ಲಿಲ್ಲ ಅಂದ್ರೆ ನನ್ನ ಹೆಸರು ಬದಲಾಯಿಸು!"

ಸಿಸ್ಟರ್ ಸ್ಕೂಟರ್ ಚಾಲೂ ಮಾಡಿ, ಹಿಂದೆ ಹತ್ತಿ ಕೂರಿ ಎಂದು ಕಣ್ಣಲ್ಲೇ ಹೇಳಿದರು.

"ಕರೆ ಬರದೇ ಇರೋದೊಂದಕ್ಕೆ ಮಾತ್ರ ಕೈ ಹಚ್ಚಬೇಡಿ. ನಾನು ಮೆಚ್ಚಿಕೊಂಡಿದ್ದೇ ಅದನ್ನ."