ರೈಟರ್ ಗಿರಿಯ ಬರ್ಗರೂ ಮುತ್ತಮ್ಮನ ಹೇಂಟೆಯೂ

ಇಪ್ಪತ್ತೆರಡು ವರ್ಷ ಕಾಫಿ ಎಸ್ಟೇಟಿನಲ್ಲಿ ಆಳುಗಳ ಕೆಲಸ ನೋಡಿ ಲೆಕ್ಕ ಬರೆಯುವ ರೈಟರ್ ಆಗಿದ್ದುಕೊಂಡು ಗಿರಿಗೆ ಒಂದು ಅಭ್ಯಾಸ ಅಂಟಿಬಿಟ್ಟಿತ್ತು. ಯಾವ ಕೆಲಸವೇ ಇರಲಿ, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತು, ಅದನ್ನು ಮಾಡುತ್ತಿರುವವರು ಎಲ್ಲೆಲ್ಲಿ ತಪ್ಪುತ್ತಿದ್ದಾರೆ ಎಂದು ಹೇಳುವುದು. ಕಾಫಿ ಹಣ್ಣು ಕೊಯ್ಯುವ ಜಾಗದಲ್ಲಿ ಇದಕ್ಕೆ ಸಂಬಳ ಕೊಡುತ್ತಾರೆ. ಅಡುಗೆಮನೆಯಲ್ಲಿ ಕೊಡುವುದು ಬೇರೆ.

ಆ ಶುಕ್ರವಾರ ಸಂಜೆ ಹೆಂಡತಿ ಯಮುನಾ ಸಂಪಾಜೆಯಿಂದ ಆಗಷ್ಟೇ ಬಂದಿಳಿದಿದ್ದಳು. ಘಾಟಿಯ ತಿರುವು ತಿರುವಿಗೂ ಬಸ್ಸು ಓಲಾಡುವಾಗ ಮಡಿಲಲ್ಲಿದ್ದ ಬುಟ್ಟಿಯನ್ನು ಹಸುಗೂಸಿನಂತೆ ಅವುಚಿಕೊಂಡು ಬಂದು ಅವಳ ತೋಳುಗಳು ಸೋತಿದ್ದವು. ಆದರೂ ಒಲೆ ಹಚ್ಚಿ ರೊಟ್ಟಿ ತಟ್ಟಿದಳು. ಗಿರಿ ತಟ್ಟೆ ನೋಡಿ ನಿಟ್ಟುಸಿರುಬಿಟ್ಟ.

"ಅದೇ ಅಕ್ಕಿ ರೊಟ್ಟಿ, ಅದೇ ಕುಂಬಳಕಾಯಿ ಪಲ್ಯ. ಭಾನುವಾರ ಹಾಸ್ಟೆಲಿಂದ ಮಗಳು ಬರ್ತಾಳೆ. ಆಗ ಆದ್ರೂ ಏನಾದ್ರೂ ಹೊಸತು ಮಾಡ್ಬಾರ್ದಾ?"

"ಹೊಸತು ಬೇಕಾದ್ರೆ ನೀವೇ ಮಾಡಿ."

"ಮಾಡ್ತೇನೆ! ಚೀಸ್ ಬರ್ಗರ್. ಮೇಲೊಂದು ಬುಲ್ಸ್ ಐ. ನೋಡ್ತಾ ಇರು ನೀನು!"

(ಇದು ದೈವಪ್ರೇರಣೆಯೇನಲ್ಲ. ಅವನ ಮೊಬೈಲಿನಲ್ಲಿ ಅದೇ ಹೊತ್ತಿಗೆ ಯಾರೋ ಒಬ್ಬ ದಪ್ಪ ಮನುಷ್ಯ ಬರ್ಗರಿನ ಮೇಲಿನ ಮೊಟ್ಟೆಗೆ ಚಾಕು ತಾಗಿಸುತ್ತಿದ್ದ. ಕೆಂಪು ಬೆರೆತ ಹಳದಿ ಲೋಳೆ ಚೀಸಿನ ಮೇಲೆ ಹರಿದು ಇಳಿಯುತ್ತಿತ್ತು. ಗಿರಿ ಅದನ್ನು ಒಂಬತ್ತನೇ ಸಲ ನೋಡುತ್ತಿದ್ದ.)

"ಬುಟ್ಟಿಯನ್ನ ಉಗ್ರಾಣದಲ್ಲಿ ಇಡ್ತೇನೆ. ಅದರಲ್ಲಿರೋ ಮೊಟ್ಟೆ ಅತ್ತೆಯದ್ದು, ಮರಿಗೆ ಇಡ್ಲಿಕ್ಕೆ. ಮುಟ್ಬೇಡಿ. ಕೇಳಿತಾ?" ಎಂದಳು ಯಮುನಾ.

"ಹೂಂ, ಹೂಂ," ಎಂದ ಗಿರಿ. ದಪ್ಪ ಮನುಷ್ಯ ಹತ್ತನೇ ಸಲ ಚಾಕು ಎತ್ತಿದ್ದ.

ಈ ಮೊಟ್ಟೆಗಳ ಹಿಂದೆ ಒಂದು ಸಂಕಟವಿತ್ತು. ಗಿರಿಯ ತಾಯಿ ಮುತ್ತಮ್ಮನಿಗೂ ಅವಳ ತಂಗಿಗೂ ಮದುವೆಯಾದಾಗ ಅವರಮ್ಮ ಒಂದೊಂದು ಹೇಂಟೆ ಕೋಳಿ ಕೊಟ್ಟು ಕಳಿಸಿದ್ದಳಂತೆ. ಐವತ್ತು ವರ್ಷಗಳಿಂದ ಮುತ್ತಮ್ಮನ ಅಂಗಳದಲ್ಲಿ ಓಡಾಡಿದ್ದು ಆ ತಳಿಯೇ. ಕಳೆದ ಮಳೆಗಾಲದಲ್ಲಿ ಕಾಡುಬೆಕ್ಕು ಗೂಡಿಗೆ ನುಗ್ಗಿ ಒಂದು ಹೇಂಟೆಯನ್ನು ಬಿಟ್ಟು ಎಲ್ಲವನ್ನೂ ಮುಗಿಸಿತು. ಮುದುಕಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಈಗ ಆ ಉಳಿದ ಹೇಂಟೆ ಕಾವಿಗೆ ಕೂತಿತ್ತು, ಸಂಪಾಜೆಯ ತಂಗಿ ತನ್ನ ಕೋಳಿಗಳ ಹನ್ನೊಂದು ಮೊಟ್ಟೆ ಕೊಟ್ಟಿದ್ದಳು. ಬಸ್ಸಿನಲ್ಲಿ ಕುಲುಕಿದ ಮೊಟ್ಟೆ ಎರಡು ದಿನ ಸುಧಾರಿಸಿಕೊಳ್ಳಲಿ, ಭಾನುವಾರ ಸಂಜೆ ಇಡೋಣ ಎಂದು ಮುತ್ತಮ್ಮ ಕಾಯುತ್ತಿದ್ದಳು.

ಶನಿವಾರ ಗಿರಿ ಮಡಿಕೇರಿಗೆ ಹೋಗಿ, ಪ್ರವಾಸಿಗರ ಕಾರುಗಳ ನಡುವೆ ನುಸುಳಿ, ಬನ್ನು, ಚೀಸು, ಕೋಳಿ ಖೀಮಾ, ಅರ್ಧ ಡಜನ್ ಮೊಟ್ಟೆ ತಂದ. ಭಾನುವಾರ ಬೆಳಿಗ್ಗೆ ಸೊಂಟಕ್ಕೆ ಟವೆಲ್ ಬಿಗಿದು ಪಾಕಶಾಲೆಯನ್ನು ಪ್ರವೇಶಿಸಿದ. ಯಮುನಾ ಬಾಗಿಲಲ್ಲಿ ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಈರುಳ್ಳಿ ದಪ್ಪ ಆಯ್ತು."

"ನೀನು ಆಚೆ ಹೋಗು."

"ಬಾಣಲೆ ಕಾಯ್ಲೇ ಇಲ್ಲ, ಆಗ್ಲೇ ಹಾಕಿ ಆಯ್ತಾ? ರೈಟರೇ, ಆ ಚೀಸಿನ ಪ್ಲಾಸ್ಟಿಕ್ ತೆಗ್ದು ಹಾಕೋದಲ್ವಾ?"

ತೆಗೆದು ಹಾಕುವುದೇ ಸರಿಯಾಗಿತ್ತು. ಮೊದಲ ತುಂಡು ಪ್ಲಾಸ್ಟಿಕ್ಕಿನ ಸಮೇತ ಖೀಮಾಕ್ಕೆ ಅಂಟಿ ಹೊಗೆಯಾಡಿತು. ಎರಡನೆಯದಕ್ಕೆ ಗಿರಿ ಕನ್ನಡಕ ಹಾಕಿಕೊಂಡ. ಅಷ್ಟರಲ್ಲಿ ಹಾಸ್ಟೆಲಿನಿಂದ ಬಂದಿಳಿದ ಲಿಖಿತಾ, "ಅಪ್ಪ ಅಡುಗೆ ಮಾಡ್ತಿದ್ದಾರಾ? ಯಾರಿಗೆ ಹುಷಾರಿಲ್ಲ?" ಎಂದು ಗಾಬರಿಯಿಂದ ಕೇಳಿದಳು. ಯಮುನಾ ಅವಳನ್ನು ಕರೆದುಕೊಂಡು ಜಗಲಿಗೆ ಹೋದಳು.

ಮೊಟ್ಟೆಯ ಘಟ್ಟ ಬಂತು. ಗಿರಿ ಅಂಗಡಿಯ ಮೊಟ್ಟೆ ಒಡೆದ. ಅದರ ಹಳದಿ ಜ್ವರ ಬಂದವರ ಮುಖದ ಹಾಗೆ ಬಿಳಿಚಿಕೊಂಡಿತ್ತು. ಮೊಬೈಲಿನ ಆ ಕೆಂಪು ಹಳದಿ ಎಲ್ಲಿ, ಇದೆಲ್ಲಿ! ಉಗ್ರಾಣದಲ್ಲಿ ನಾಟಿ ಮೊಟ್ಟೆ ಕಂಡ ನೆನಪಾಯಿತು. ಅದರ ಬಗ್ಗೆ ಯಾರೋ ಏನೋ ಹೇಳಿದ ನೆನಪೂ ಆಯಿತು. ಏನು ಎನ್ನುವುದು ಮಾತ್ರ ಆಗಲಿಲ್ಲ. ಬುಟ್ಟಿಯಲ್ಲಿ ತುಂಬಿದ್ದ ಭತ್ತದ ಉಮಿಯೊಳಗೆ ಕೈ ಹಾಕಿ ಮೂರು ತಂದ.

ಬರ್ಗರ್ ಗೆದ್ದಿತು, ಅದನ್ನು ಒಪ್ಪಬೇಕು. ಲಿಖಿತಾ ಮೊದಲು ಫೋಟೋ ತೆಗೆದು, ಆಮೇಲೆ ತಿಂದು, "ಅಪ್ಪ, ಸೂಪರ್!" ಎಂದಳು. ಯಮುನಾಳ ಮೊಣಕೈವರೆಗೆ ಹಳದಿ ಇಳಿಯಿತು. ಮುತ್ತಮ್ಮ, "ನಂಗೆ ಬೇಡ ಮಗಾ, ಬಾಯಿ ಅಷ್ಟು ದೊಡ್ಡ ತೆರೀಲಿಕ್ಕೆ ಆಗೋದಿಲ್ಲ," ಎಂದು ತನ್ನ ರೊಟ್ಟಿ ಮುಗಿಸಿ ಮಲಗಲು ಹೋದಳು.

"ಮೊಟ್ಟೆ ಒಳ್ಳೆ ಬಣ್ಣ ಉಂಟಲ್ಲ? ಅಂಗಡಿಯದ್ದಾ?" ಎಂದಳು ಯಮುನಾ, ಬೆರಳು ನೆಕ್ಕುತ್ತ.

"ಅಂಗಡಿಯದ್ದರಲ್ಲಿ ಎಂತ ಉಂಟು! ಉಗ್ರಾಣದ್ದು."

ಯಮುನಾಳ ಬೆರಳು ಬಾಯಲ್ಲೇ ನಿಂತಿತು. ಆಮೇಲೆ ಅವಳು ಆಡಿದ ಮಾತುಗಳಲ್ಲಿ ಅರ್ಧವನ್ನು ಇಲ್ಲಿ ಬರೆಯುವಂತಿಲ್ಲ. ಉಳಿದರ್ಧ ಕೇಳಿ ಗಿರಿಗೆ ಎಲ್ಲವೂ ನೆನಪಾಯಿತು. ಎರಡು ದಿನ ಊಟ ಬಿಟ್ಟ ಅವ್ವನ ಮುಖವೂ ನೆನಪಾಯಿತು. ಹೋಗಿ ಕಾಲು ಹಿಡಿಯಬೇಕಿತ್ತು. ಆದರೆ ಬರ್ಗರ್ ಗೆದ್ದ ತಲೆ ನೋಡಿ, ಅದರಲ್ಲಿ ಇನ್ನೊಂದು ಉಪಾಯ ಹುಟ್ಟಿತು. ಅಂಗಡಿಯ ಬಿಳಿ ಮೊಟ್ಟೆ ಮೂರು ಆರಿಸಿ, ಒಲೆಯ ಬದಿಯ ಪಾತ್ರೆಯಲ್ಲಿ ಉಳಿದಿದ್ದ ಕರಿ ಕಾಫಿಯಲ್ಲಿ ಅದ್ದಿಟ್ಟ. ಅರ್ಧ ಗಂಟೆಯಲ್ಲಿ ಅವು ಥೇಟ್ ನಾಟಿ ಬಣ್ಣಕ್ಕೆ ತಿರುಗಿದವು. ಒರೆಸದೆ ಹಾಗೇ ಒಣಗಿಸಿ ಉಮಿಯಲ್ಲಿ ಹೂತ. ಆ ಮನೆಯಲ್ಲಿ ಕಾಫಿಗೆ ಬೆಲ್ಲ ಹಾಕುತ್ತಾರೆ ಎನ್ನುವುದು, ಅದನ್ನೇ ಕುಡಿದು ಬೆಳೆದ ಗಿರಿಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಸಂಜೆ ಮುತ್ತಮ್ಮ ಬುಟ್ಟಿಯನ್ನು ಜಗಲಿಗೆ ತಂದಳು. ಒಂದೊಂದೇ ಮೊಟ್ಟೆಯನ್ನು ಸೆರಗಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಚಾಪೆಯ ಮೇಲಿಟ್ಟಳು. ಎಂಟರವರೆಗೆ ಎಲ್ಲವೂ ಸರಿಯಾಗಿತ್ತು. ಒಂಬತ್ತನೆಯದರ ಮೇಲೆ ಇರುವೆಗಳ ಜಾತ್ರೆ ನೆರೆದಿತ್ತು. ಹತ್ತು, ಹನ್ನೊಂದರ ಮೇಲೂ ಅಷ್ಟೇ. ಊದಿ, ಒರೆಸಿ, ಅಂಗೈ ನೋಡಿಕೊಂಡು ಮೂಸಿದಳು.

"ಗಿರೀ, ಇದು ಯಾವ ಎಸ್ಟೇಟಿನ ಕೋಳಿಯ ಮೊಟ್ಟೆ? ಕಾಫಿ ವಾಸನೆ ಬರ್ತದಲ್ಲ?"

ಯಮುನಾ ಗೋಡೆ ನೋಡಿದಳು. ಲಿಖಿತಾ ಮೊಬೈಲ್ ನೋಡಿದಳು. ಗಿರಿ ಅವ್ವನ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ.

ಮುತ್ತಮ್ಮ ಆ ಮೂರು ಮೊಟ್ಟೆಗಳನ್ನು ಬೇರೆ ಸರಿಸಿಟ್ಟಳು.

"ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವಾ ಮಗಾ? ತಿಂದದ್ದಕ್ಕೆ ಬೇಜಾರಿಲ್ಲ. ಈ ಬಣ್ಣ ಬಳಿದದ್ದಕ್ಕೆ ಬೇಜಾರು. ಹೇಂಟೆಯನ್ನ ಏಮಾರಿಸ್ಲಿಕ್ಕೆ ಆಗ್ತದಾ? ನನ್ನ ಏಮಾರಿಸ್ಲಿಕ್ಕೆ ಆಗ್ತದಾ?" ಎಂದಳು. ಆಮೇಲೆ ಚಾಪೆಯತ್ತ ನೋಡಿದಳು. "ಎಂಟು ಇಡ್ಲಿಕ್ಕೆ ಆಗೋದಿಲ್ಲ, ಬೆಸ ಲೆಕ್ಕ ಆಗ್ಬೇಕು. ಏಳು ಇಡ್ತೇನೆ. ಆ ಒಂದನ್ನ ಹುರಿದು ನನ್ನ ರೊಟ್ಟಿ ಮೇಲೆ ಹಾಕು. ಇಷ್ಟೆಲ್ಲ ಮಾಡಿದ್ದೀಯಲ್ಲ, ಅದು ಎಂತದು ಅಂತ ನಾನೂ ನೋಡ್ತೇನೆ."

ಗಿರಿ ಮೊಟ್ಟೆ ಹುರಿದ. ಚೀಸನ್ನೂ ಇಟ್ಟ, ಪ್ಲಾಸ್ಟಿಕ್ ತೆಗೆದೇ. ಮುದುಕಿ ರೊಟ್ಟಿ ಮಡಚಿ ಕಚ್ಚಿದಳು. ಹಳದಿ ಗಲ್ಲಕ್ಕೆ ಇಳಿಯಿತು. ಇನ್ನೊಂದು ಸಲ ಕಚ್ಚಿದಳು. ಬಾಯಿ ಒರೆಸಿಕೊಂಡವಳೇ ಮೊಮ್ಮಗಳ ಕೈಯಲ್ಲಿ ಸಂಪಾಜೆಗೆ ಫೋನು ಹಚ್ಚಿಸಿ, ಮಗನ ಪಾಕಪ್ರಾವೀಣ್ಯವನ್ನೂ ಅಪರಾಧವನ್ನೂ ತಂಗಿಗೆ ಒಂದೇ ಉಸಿರಿನಲ್ಲಿ ಹೇಳಿದಳು. ಸ್ಪೀಕರಿನಲ್ಲಿ ಚಿಕ್ಕಮ್ಮ ನಕ್ಕದ್ದು ಪಕ್ಕದ ಲೈನಿನ ಆಳುಗಳ ಮನೆಗಳಿಗೂ ಕೇಳಿಸಿತು.

"ಅಕ್ಕ, ಈ ಏಳರ ಮೇಲೆ ಕಣ್ಣಿಡು. ಮುಂದಿನ ಸಲದ ಕಾವಿಗೆ ನಾನು ಮತ್ತೆ ಹನ್ನೊಂದು ಕೊಡ್ತೇನೆ. ಆದ್ರೆ ಯಮುನಾ ಬರೋದು ಬೇಡ, ಗಿರಿಯೇ ಬುಟ್ಟಿ ಮಡಿಲಲ್ಲಿ ಇಟ್ಕೊಂಡು ಹೋಗ್ಲಿ. ಗಿರಿ, ಅದಕ್ಕೂ ಮೊದಲು ಬರೋ ಭಾನುವಾರ ದಂಡ ಕಟ್ಲಿಕ್ಕೆ ಬಾ. ಇಲ್ಲಿ ನಾವು ಹದಿಮೂರು ಜನ ಇದ್ದೇವೆ, ಎಲ್ಲರಿಗೂ ಬರ್ಗರ್ ಮಾಡ್ಬೇಕು."

"ಹದಿಮೂರಾ?" ಎಂದ ಗಿರಿ.

"ಹೂಂ. ಮೊಟ್ಟೆ ಮಾತ್ರ ನೀನೇ ತಾ, ಇಲ್ಲಿಯದ್ದು ಮರಿಗೆ ಇಡ್ಲಿಕ್ಕೆ ಬೇಕು. ಅಂಗಡಿಯದ್ದೇ ಸಾಕು ಮಾರಾಯ, ಬೆಳ್ಳಗೇ ತಾ."