ಚಿನ್ನಯ್ಯ ಬಗ್ಗಿದ ದಿನ

"ನಿನ್ನಲ್ಲಿ ಎಲ್ಲಾ ಐತೆ ಕಣಯ್ಯ, ಫ್ಲೆಕ್ಸಿಬಿಲಿಟಿ ಒಂದಿಲ್ಲ" ಎಂದು ಮ್ಯಾನೇಜರ್ ಜಂಬುಲಿಂಗಪ್ಪನವರು ಬೆಳಬೆಳಗ್ಗೆಯೇ ಅಂದುಬಿಟ್ಟಾಗ ಚಿನ್ನಯ್ಯನಿಗೆ ತನ್ನ ಮೈಯಲ್ಲಿ ಯಾವುದೋ ಮುಖ್ಯವಾದ ಮೂಳೆಯೇ ಇಲ್ಲವೇನೋ ಅನ್ನಿಸಿತು.

ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲು ಬಯಲ ಪಕ್ಕ ಹೊಸದಾಗಿ ಎದ್ದ ಕ್ಯಾಂಪಸ್ಸೊಂದರ ಗೇಟಿನಲ್ಲಿ ಅವನು ಸೆಕ್ಯುರಿಟಿ. ಪಾಸ್ ಇಲ್ಲದೆ ಒಂದು ನಾಯಿಯನ್ನೂ ಒಳಗೆ ಬಿಟ್ಟವನಲ್ಲ. ಹೋದ ತಿಂಗಳು ಸಾಕ್ಷಾತ್ ಜಂಬುಲಿಂಗಪ್ಪನವರ ಹೆಂಡತಿಯೇ ಗಂಡನಿಗೆ ಬುತ್ತಿ ತಂದಾಗ, "ಬುತ್ತಿ ಒಳಗೆ ಹೋಗ್ತೈತೆ, ನೀವು ಹೋಗಂಗಿಲ್ರಿ" ಎಂದು ಬಿಸಿಲಲ್ಲಿ ನಿಲ್ಲಿಸಿದ್ದ. ಇಂಥ ಶಿಸ್ತಿಗೆ ಎಂದಾದರೂ ಬೆಲೆ ಸಿಕ್ಕೇ ಸಿಗುತ್ತದೆ ಅಂತ ನಂಬಿಕೊಂಡಿದ್ದ, ಪಾಪ. ಈಗ ಸೂಪರ್‌ವೈಸರ್ ಕೆಲಸ ಖಾಲಿಯಾಗಿತ್ತು. ಸಂಜೆ ಸೆಕ್ಯುರಿಟಿ ಏಜೆನ್ಸಿಯ ಮಾಲೀಕರು ಖುದ್ದಾಗಿ ಬಂದು ಒಬ್ಬನನ್ನು ಆರಿಸುವವರಿದ್ದರು. ಆರಿಸಿದರೆ ಫ್ಯಾನಿನ ಕೆಳಗೆ ಕುರ್ಚಿ, ಇಲ್ಲದಿದ್ದರೆ ಮತ್ತೆ ಚಳ್ಳಕೆರೆ ಬಿಸಿಲು. ಆ ಕುರ್ಚಿ ಅವನಿಗೆ ಕನಸಲ್ಲೂ ಬರುತ್ತಿತ್ತು.

"ಸಾರ್, ಹಂಗಂದ್ರೆ ಏನು ಮಾಡ್ಬೇಕು?"

"ಬಿಗಿಯಾಗಿ ನಿಲ್ಲಬಾರ್ದು. ಜನ ನೋಡಿ, ಹೊತ್ತು ನೋಡಿ ಸ್ವಲ್ಪ ಬಗ್ಬೇಕು. ಇವತ್ತೊಂದಿನ ಬಗ್ಗಿ ತೋರ್ಸು. ಸಂಜೆ ಮಾಲೀಕ್ರಿಗೆ ನಾನೇ ನಿನ್ನ ಹೆಸ್ರು ಹೇಳ್ತೀನಿ."

ಚಿನ್ನಯ್ಯ ಹೆಂಡತಿ ಶಶಿರೇಖಾಗೆ ಫೋನ್ ಮಾಡಿದ.

"ಬಗ್ಗೋದಾ? ನಮ್ಮ ವಂಶದಾಗೆ ಅದಿಲ್ಲಪ್ಪ" ಅಂದಳು ಆಕೆ. "ನಮ್ಮಪ್ಪ ಯಾರಿಗಾದ್ರೂ ಬಗ್ಗಿದ್ದು ನೋಡೀರಾ? ಆದ್ರೂ ಕುರ್ಚಿ ಸಿಗ್ತೈತೆ ಅಂದ್ರೆ ನೀವು ಬಗ್ರಿ. ನಿಮಗೇನು."

ಆಕೆಯ ಅಪ್ಪ ದೊಡ್ಡಪಾಲಯ್ಯ ಊರಿನ ದೇವರ ಎತ್ತುಗಳ ಕಿಲಾರಿ. ಅಂದರೆ ದೇವರ ಹೆಸರಿಗೆ ಬಿಟ್ಟ ಎತ್ತುಗಳನ್ನು ಕಾಯುವವನು. ಆ ಎತ್ತುಗಳನ್ನು ಹೂಡುವ ಹಾಗಿಲ್ಲ, ಮಾರುವ ಹಾಗಿಲ್ಲ, ಅವುಗಳ ಮೇಲೆ ಕೋಲೆತ್ತುವ ಹಾಗಿಲ್ಲ. ವರ್ಷಗಟ್ಟಲೆ ಅವುಗಳ ಹಿಂದೆ ಸುತ್ತಿ ಸುತ್ತಿ ಮಾವನೂ ಅರ್ಧ ದೇವರೇ ಆಗಿಬಿಟ್ಟಿದ್ದ.

ಸರಿ, ಚಿನ್ನಯ್ಯ ಬಗ್ಗಲು ಸಿದ್ಧನಾಗಿ ನಿಂತ.

ಮೊದಲು ಬಂದವಳು ರಸ್ತೆ ಬದಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವ ಕೊಟ್ರಮ್ಮ. "ಚಿನ್ನಯ್ಯಣ್ಣ, ಬಿಸ್ಲಿಗೆ ತಲೆ ಸಿಡಿತೈತೆ. ಒಲೆ ಒಂದೀಟು ಒಳಗಿಟ್ಕಂತೀನಿ."

ನಿನ್ನೆಯಾಗಿದ್ದರೆ ಆಕೆಗೂ ಒಲೆಗೂ ಬೇರೆಬೇರೆ ಪಾಸ್ ಕೇಳುತ್ತಿದ್ದ. ಇವತ್ತು ಗೇಟು ತೆಗೆದ. ಒಲೆಯ ಹಿಂದೆ ಎಣ್ಣೆ ಬಾಣಲಿ ಬಂತು, ಬಾಣಲಿಯ ಹಿಂದೆ ಬೆಂಚು ಬಂತು, ಬೆಂಚಿನ ಹಿಂದೆ ಮಂಡಕ್ಕಿ ತಿನ್ನುವವರು ಬಂದು ಕೂತರು.

ಮಧ್ಯಾಹ್ನದ ಹೊತ್ತಿಗೆ ಫೋಟೋ ಸ್ಟುಡಿಯೋ ತಿಪ್ಪೇರುದ್ರ ಬಂದ. ಅವನ ಹಿಂದೆ ಮದುವೆಗೆ ಮೊದಲೇ ಕೈ ಕೈ ಹಿಡಿದುಕೊಂಡ ಜೋಡಿಯೊಂದು ನಿಂತಿತ್ತು. ಹುಡುಗಿ ಉಟ್ಟಿದ್ದು ಗರಿಗರಿ ಮೊಳಕಾಲ್ಮೂರು ಸೀರೆ.

"ಲೇ ಚಿನ್ನ, ಒಳಗೆ ಹುಲ್ಲು ಹಾಸೀರಂತಲ್ಲ, ಅಲ್ಲಿ ನಾಕು ಫೋಟೋ. ಬಜ್ಜಿ ಒಲೆ ಬಿಟ್ಟಿದೀಯ, ಹೊಸ ಜೋಡಿ ಬಿಡಲ್ವಾ?"

ಚಿನ್ನಯ್ಯ ಅವರನ್ನೂ ಒಳಗೆ ಬಿಟ್ಟ. ಜೋಡಿಯ ಹಿಂದೆ ಹುಡುಗಿಯ ಚಿಕ್ಕಮ್ಮ, ಚಿಕ್ಕಮ್ಮನ ಮೂರು ಮಕ್ಕಳು, ಯಾರದೋ ಅಜ್ಜಿ ಎಲ್ಲರೂ ನುಗ್ಗಿದರು. ಅಜ್ಜಿ ನೇರವಾಗಿ ಆಫೀಸ್ ರೂಮಿನ ಸೂಪರ್‌ವೈಸರ್ ಕುರ್ಚಿಗೆ ಹೋಗಿ ಫ್ಯಾನ್ ಹಾಕಿಸಿಕೊಂಡು ಕೂತಿತು. ಚಿನ್ನಯ್ಯನ ಹೊಟ್ಟೆ ಉರಿದುಹೋಯಿತು.

ಬಿಸಿಲು ಇಳಿಯುವ ಹೊತ್ತಿಗೆ ಬಂದ ನೋಡಿ ಮಾವ. ಬರಿಗಾಲು, ಹೆಗಲ ಮೇಲೆ ಕಂಬಳಿ, ಹಿಂದೆ ದೇವರ ಎತ್ತುಗಳ ಹಿಂಡು.

"ಅಳಿಯಾ, ಗೇಟ್ ತೆಗಿ. ಈ ಗೋಡೆ ಏಳೋಕ್ ಮುಂಚೆ ಕೆರೆಗೆ ಇದೇ ದಾರಿ."

"ಮಾವ, ಇವತ್ತು ಮಾಲೀಕ್ರು ಬರ್ತಾರೆ, ನಿಮ್ಮ ಕಾಲಿಗೆ ಬೀಳ್ತೀನಿ..."

ದೊಡ್ಡಪಾಲಯ್ಯ ಒಳಗೆ ಹೊಗೆಯಾಡುತ್ತಿದ್ದ ಒಲೆಯ ಕಡೆ ನೋಡಿದ. "ಬಜ್ಜಿಗೆ ಗೇಟ್ ತೆಗೆದೋನು ದೇವ್ರಿಗೆ ತೆಗೆಯಲ್ಲೇನಪ್ಪಾ? ನನ್ನ ಮಗಳ್ನ ಕೊಟ್ಟಿದ್ದು ಇಂಥೋನಿಗಾ?"

ಗೇಟು ತೆರೆಯಿತು. ಎತ್ತುಗಳು ಕೆರೆಯ ಕಡೆ ನಾಲ್ಕು ಹೆಜ್ಜೆ ಹಾಕಿದವು, ಹಸಿರು ಹುಲ್ಲು ನೋಡಿದವು, ಕೆರೆ ಮರೆತವು. ಚಾಪೆಯ ಹಾಗೆ ಸುತ್ತಿಕೊಂಡು ಲಾರಿಯಲ್ಲಿ ತಂದು ಹಾಸಿದ್ದ ಹುಲ್ಲದು. ಹೊಟ್ಟೆ ತುಂಬಾ ಮೇಯ್ದು ಅಲ್ಲೇ ಮಲಗಿಬಿಟ್ಟವು. ಹೊಸ ಜೋಡಿ ಕಿರುಚಿಕೊಂಡು ಬೆಂಚು ಹತ್ತಿತು.

ಸರಿಯಾಗಿ ಆಗಲೇ ಮಾಲೀಕರ ಕಾರು ಬಂತು. ಜಂಬುಲಿಂಗಪ್ಪನವರು ಓಡೋಡಿ ಬಂದರು. "ಎಬ್ಸಯ್ಯ ಅವನ್ನ! ಎಬ್ಸು!"

"ದೇವ್ರ ಎತ್ತು ಸಾರ್. ಮಲಗಿದ್ರೆ ಎಬ್ಬಿಸಂಗಿಲ್ಲ. ತಾವಾಗೇ ಏಳ್ಬೇಕು" ಎಂದ ಚಿನ್ನಯ್ಯ. ಆಮೇಲೆ ಅಳುತ್ತಾ ಅಂದ, "ನೀವೇ ಅಲ್ವಾ ಬಗ್ಗು ಅಂದಿದ್ದು?"

ಮಾಲೀಕರು ಹುಲ್ಲಿನ ಮೇಲೆ ಕಾಲಿಟ್ಟರೋ ಇಲ್ಲವೋ, "ಏಯ್, ಬೂಟು!" ಎಂಬ ಮಾವನ ಗುಡುಗು ಕೇಳಿತು.

"ಯಜಮಾನ್ರೇ, ಇವ್ರು ಮಾಲೀಕ್ರು" ಎಂದು ಜಂಬುಲಿಂಗಪ್ಪ ಪರಿಚಯಿಸಿದರು.

"ಇವು ದೇವ್ರು" ಎಂದು ದೊಡ್ಡಪಾಲಯ್ಯ ಎತ್ತುಗಳನ್ನು ಪರಿಚಯಿಸಿದ. "ಬೂಟು ಬಿಟ್ಟು ಬರ್ರಿ. ಕಾಲುಚೀಲನೂ."

ಮಾಲೀಕರು ಒಂದು ಗಳಿಗೆ ಮಾವನನ್ನೇ ದಿಟ್ಟಿಸಿದರು. ಆಮೇಲೆ ಬೂಟು ಬಿಟ್ಟರು, ಕಾಲುಚೀಲ ಬಿಟ್ಟರು, ಬರಿಗಾಲಲ್ಲೇ ಆಫೀಸ್ ರೂಮಿಗೆ ನಡೆದು ಎಲ್ಲರನ್ನೂ ಕರೆಸಿದರು. ಅಜ್ಜಿಯನ್ನು ಕುರ್ಚಿಯಿಂದ ಎಬ್ಬಿಸಲಾಯಿತು.

"ಗೇಟಲ್ಲಿ ಯಾರಿದ್ರಿ?"

"ಇವ್ನೇ ಸಾರ್, ಚಿನ್ನಯ್ಯ" ಎಂದರು ಜಂಬುಲಿಂಗಪ್ಪ. "ತುಂಬಾ ಫ್ಲೆಕ್ಸಿಬಲ್!"

"ಅದು ಕಾಣ್ತಾ ಇದೆ" ಅಂದರು ಮಾಲೀಕರು, ಕಿಟಕಿಯಾಚೆ ಬಜ್ಜಿ ಒಲೆಯನ್ನು ನೋಡುತ್ತಾ. ಆಮೇಲೆ ಮಾವನ ಕಡೆ ತಿರುಗಿದರು. "ಯಜಮಾನ್ರೇ, ಮಾಲೀಕ ಅಂತ ಗೊತ್ತಾದ್ಮೇಲೂ ನನ್ನ ಬೂಟು ಬಿಡ್ಸಿದ್ರಿ. ನನಗೆ ಬೇಕಾಗಿರೋದು ಇಂಥ ಮನುಷ್ಯ. ಸೂಪರ್‌ವೈಸರ್ ಆಗ್ತೀರಾ?"

"ಎತ್ತು ಬಿಟ್ಟು ನಾನೆಲ್ಲಿಗೂ ಬರಂಗಿಲ್ಲ ಸ್ವಾಮಿ" ಎಂದ ದೊಡ್ಡಪಾಲಯ್ಯ.

ಚಿನ್ನಯ್ಯನಿಗೆ ಹೋದ ಜೀವ ಬಂತು. ಯಾರಿಗೂ ಬಗ್ಗದ ಮಾವನ ಮೇಲೆ ಮೊದಲ ಸಲ ಪ್ರೀತಿ ಉಕ್ಕಿತು. ಆದರೆ ಮಾವ ಫ್ಯಾನ್ ನೋಡುತ್ತಿದ್ದ.

"ಕರೆಂಟ್ ಹೋದ್ರೂ ಇದು ತಿರುಗ್ತೈತಾ?"

"ಜನರೇಟರ್ ಇದೆ."

ಮಾವ ಸುಮ್ಮನೆ ಪರೀಕ್ಷೆಗೆಂದು ಕುರ್ಚಿಯಲ್ಲಿ ಕೂತ. ಕಂಬಳಿ ತೆಗೆದ. ಕಣ್ಣು ಮುಚ್ಚಿ ಗಾಳಿ ಕುಡಿದ. "ಅಲ್ಲ, ನಾನು ಬಂದ್ರೆ ಎತ್ತು ಯಾರು ಕಾಯ್ತಾರೆ ಅಂತ" ಎಂದ, ಈ ಸಲ ಬಹಳ ಮೆತ್ತಗೆ.

"ಚಿನ್ನಯ್ಯ ಇದಾನಲ್ಲ!" ಎಂದರು ಜಂಬುಲಿಂಗಪ್ಪ. ಬಾಗಿಲಲ್ಲಿ ಇಣುಕುತ್ತಿದ್ದ ಕೊಟ್ರಮ್ಮನೂ ತಿಪ್ಪೇರುದ್ರನೂ ತಲೆಯಾಡಿಸುತ್ತಾ ಒಟ್ಟಿಗೇ ಅಂದರು, "ಅವ್ನು ಏನಂದ್ರೂ ಇಲ್ಲ ಅನ್ನಲ್ಲ ಬಿಡ್ರಿ."

"ಹೌದಲ್ಲ, ಅಳಿಯ ಅಂದ್ರೆ ಮಗ ಇದ್ದಂಗೆ" ಎಂದು ದೊಡ್ಡಪಾಲಯ್ಯ ತನ್ನ ಕಂಬಳಿಯನ್ನು ಚಿನ್ನಯ್ಯನ ಹೆಗಲಿಗೆ ಹಾಕಿದ. "ಬೂಟು ಇಲ್ಲೇ ಬಿಟ್ಟು ಹೋಗು. ನನಗೆ ಆಗ್ತಾವೆ."

ಚಿನ್ನಯ್ಯ ಬರಿಗಾಲಲ್ಲಿ ಹೋಗಿ ಮಲಗಿದ ಎತ್ತುಗಳ ನಡುವೆ ಕೂತ. ಸ್ವಲ್ಪ ಹೊತ್ತಿಗೆ ಆಫೀಸ್ ರೂಮಿನ ಕಿಟಕಿ ತೆರೆಯಿತು.

"ಏನಪ್ಪಾ ಕಿಲಾರಿ" ಎಂದು ಹೊಸ ಸೂಪರ್‌ವೈಸರ್ ಕೂಗಿದ, "ಆರಕ್ಕೆ ಗೇಟ್ ಹಾಕ್ಬೇಕು. ಅಷ್ಟ್ರೊಳಗೆ ಆ ದನಗಳ್ನ ಎಬ್ಬಿಸ್ಕಂಡು ಹೋಗು. ಸಾಹೇಬ್ರ ಹುಲ್ಲು ಹಾಳಾಗ್ತೈತೆ!"